ಕೆ.ಗುಡಿಗೆ ಬರುವವರಿಗೆ: ಮೊದಲು ಗೇಟಿನ ಹೊತ್ತು ನೋಡಿಕೊಳ್ಳಿ

ಶುಕ್ರವಾರ ಮಧ್ಯಾಹ್ನ ಕೆಲಸ ಮುಗಿಸಿ ಬೆಂಗಳೂರು ಬಿಟ್ಟರೆ ರಾತ್ರಿ ಊಟದ ಹೊತ್ತಿಗೆ ಕೆ.ಗುಡಿ (ಕ್ಯಾತದೇವರ ಗುಡಿ, ಬಿಳಿಗಿರಿರಂಗನ ಬೆಟ್ಟದ ಕಾಡಿನೊಳಗೆ ಸಫಾರಿ ಲಾಡ್ಜಿರುವ ಜಾಗ) ಸೇರಬಹುದಾ ಎಂದು ಕೇಳಿದ್ದೀರಿ. ಆಗೋದಿಲ್ಲ ಸ್ವಾಮಿ. ದೂರ ಹೆಚ್ಚೆಂದಲ್ಲ, ಗೇಟು ಹಾಕಿರುತ್ತದೆ. ಬಿಳಿಗಿರಿರಂಗನ ಬೆಟ್ಟದ ಕಾಡಿಗೆ ಎರಡು ಬಾಗಿಲು: ಚಾಮರಾಜನಗರದ ಕಡೆ ಹೊಂಡರಬಾಳು ಚೆಕ್‌ಪೋಸ್ಟ್, ಯಳಂದೂರಿನ ಕಡೆ ಗುಂಬಳ್ಳಿ ಚೆಕ್‌ಪೋಸ್ಟ್. ಎರಡೂ ಸಂಜೆ ಆರಕ್ಕೆ ಮುಚ್ಚಿ ಬೆಳಿಗ್ಗೆ ಆರಕ್ಕೆ ತೆರೆಯುತ್ತವೆ. ಬಂಡೀಪುರದಲ್ಲಿ ರಾತ್ರಿ ಒಂಬತ್ತರವರೆಗೆ ಬಿಡುತ್ತಾರಲ್ಲ ಎಂದು ಬಹಳ ಜನ ಇಲ್ಲೇ ಎಡವುತ್ತಾರೆ. ಅದು ರಾಷ್ಟ್ರೀಯ ಹೆದ್ದಾರಿ. 2009ರಿಂದ ಅಲ್ಲಿ ನಿಷೇಧ ಇರುವುದು ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ. ಕೆ.ಗುಡಿಯದು ಹೆದ್ದಾರಿಯಲ್ಲ, ಹುಲಿ ಸಂರಕ್ಷಿತ ಪ್ರದೇಶದ ಒಳರಸ್ತೆ. ಆ ಲೆಕ್ಕ ಬೇರೆ, ಈ ಲೆಕ್ಕ ಬೇರೆ.

ಗೇಟಿಗೆ ಐದೂ ಐವತ್ತಕ್ಕೆ ಬಂದು ‘ಹತ್ತು ನಿಮಿಷ ಇದೆಯಲ್ಲ’ ಎಂದು ವಾದಿಸುವುದೂ ಬೇಡ. ಗೇಟಿನಿಂದ ಮೇಲೆ ಲಾಡ್ಜಿಗೆ ಕಾಡಿನ ಏರುರಸ್ತೆ ಮುಗಿಸಬೇಕು. ಚಾಮರಾಜನಗರ ಪೇಟೆಯಿಂದ ಕೆ.ಗುಡಿಗೆ ಒಟ್ಟು ಸುಮಾರು 24 ಕಿ.ಮೀ.ಯಾದರೂ ಕಾಡಿನ ಭಾಗದಲ್ಲಿ ಗಂಟೆಗೆ 30 ಕಿ.ಮೀ.ಗಿಂತ ಜೋರಾಗಿ ಓಡಿಸಲು ಬರುವುದಿಲ್ಲ, ಓಡಿಸಲೂಬಾರದು. ಹಂಪುಗಳಿವೆ, ಎದುರು ಗಾಡಿ ಬಂದರೆ ಒಬ್ಬರು ಗಾಡಿಯನ್ನು ರಸ್ತೆಯಿಂದ ಇಳಿಸಿ ದಾರಿ ಕೊಡಬೇಕಾದಷ್ಟು ಇಕ್ಕಟ್ಟಿನ ಜಾಗಗಳಿವೆ. ಹೊತ್ತು ಮುಳುಗುವಾಗ ಆನೆ, ಕಡವೆ, ಕಾಟಿ (ಕಾಡೆಮ್ಮೆ) ಎಲ್ಲ ರಸ್ತೆ ಅಂಚಿಗೇ ಬರುತ್ತವೆ.

ಆದ್ದರಿಂದ ಲೆಕ್ಕ ಹಿಂದಿನಿಂದ ಹಾಕಿ. ಇಂಥ ಕಾಡಿನ ಲಾಡ್ಜುಗಳಲ್ಲಿ ಊಟ, ಉಳಿತ, ಸಫಾರಿ ಎಲ್ಲ ಸೇರಿಸಿ ಒಂದೇ ದರ ಇರುತ್ತದೆ. ಮಧ್ಯಾಹ್ನ ಒಂದರ ಆಸುಪಾಸಿಗೆ ಒಳಗೆ ಬಿಟ್ಟುಕೊಂಡು, ಊಟ ಹಾಕಿ, ನಾಲ್ಕರ ಹೊತ್ತಿಗೆ ಜೀಪು ಹೊರಡಿಸುತ್ತಾರೆ. ಐದಕ್ಕೆ ಬಂದವರಿಗೆ ಆವತ್ತಿನ ಸಫಾರಿ ಹೋಯಿತು, ದುಡ್ಡು ವಾಪಸ್ ಇಲ್ಲ. ಒಂದಕ್ಕೆ ಲಾಡ್ಜು ಅಂದರೆ ಹನ್ನೆರಡಕ್ಕೆ ಗೇಟು, ಹನ್ನೊಂದೂವರೆಗೆ ಚಾಮರಾಜನಗರ. ಬೆಂಗಳೂರಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಸಂತೇಮರಹಳ್ಳಿ ಮೇಲೆ ಚಾಮರಾಜನಗರಕ್ಕೆ ಸುಮಾರು 175 ಕಿ.ಮೀ. ತಿಂಡಿಗೆ ನಿಲ್ಲುವುದೂ ಸೇರಿ ನಾಲ್ಕೂವರೆ ಗಂಟೆ ಇಟ್ಟುಕೊಳ್ಳಿ. ಬೆಳಿಗ್ಗೆ ಆರೂವರೆ, ಏಳರೊಳಗೆ ಮನೆ ಬಿಟ್ಟರೆ ನಿರಾಳ. ಶುಕ್ರವಾರವೇ ಬಂದೇ ಬರುತ್ತೇವೆ ಅಂದರೆ ಚಾಮರಾಜನಗರದಲ್ಲೋ ಕೊಳ್ಳೇಗಾಲದಲ್ಲೋ ರಾತ್ರಿ ತಂಗಿ ಬೆಳಿಗ್ಗೆ ಮೇಲೆ ಹತ್ತಿ. ಗಾಡಿ ಇಲ್ಲದವರಿಗೆ ರೈಲೂ ಇದೆ. 1926ರಲ್ಲಿ ನಂಜನಗೂಡಿನಿಂದ ಮುಂದಕ್ಕೆ ಎಳೆದ ಹಳಿ ಚಾಮರಾಜನಗರದಲ್ಲಿ ನಿಂತಿದ್ದು ಈಗಲೂ ಅಲ್ಲೇ ನಿಂತಿದೆ. ಸ್ಟೇಷನ್ನಿಂದ ಟ್ಯಾಕ್ಸಿ ಮಾಡಿಕೊಳ್ಳುವುದು ವಾಸಿ. ಬೆಟ್ಟಕ್ಕೆ ಹೋಗುವ ಬಸ್ಸು ಕಡಿಮೆ, ಅದರ ಹೊತ್ತನ್ನು ನಂಬಿ ಸಫಾರಿ ಹಿಡಿಯಲಾಗದು. ಬೈಕಿನಲ್ಲಿ ಬರುವ ಯೋಚನೆ ಇದ್ದರೆ ಲಾಡ್ಜಿಗೆ ಫೋನು ಮಾಡಿ ಕೇಳಿಕೊಂಡೇ ಹೊರಡಿ. ಆನೆ ಓಡಾಡುವ ರಸ್ತೆಗೆ ಬೈಕು ಬಿಡಲು ಗೇಟಿನವರು ಒಪ್ಪುವುದಿಲ್ಲ, ಅದರಲ್ಲಿ ಅವರ ತಪ್ಪೂ ಇಲ್ಲ.

ಮ್ಯಾಪಿನಲ್ಲಿ ‘ಬಿ.ಆರ್. ಹಿಲ್ಸ್’ ಎಂದು ಹಾಕಬೇಡಿ. ಅದು ನಿಮ್ಮನ್ನು ಯಳಂದೂರು, ಗುಂಬಳ್ಳಿ ಮೇಲೆ ರಂಗನಾಥನ ಗುಡಿಗೆ ಒಯ್ದು ನಿಲ್ಲಿಸುತ್ತದೆ. ಕೆ.ಗುಡಿ ಅಲ್ಲಿಂದ ಇನ್ನೂ ಹದಿನೈದು ಕಿ.ಮೀ.ಗೂ ಹೆಚ್ಚು ಕಾಡಿನೊಳಗೆ. ದೇವರ ದರ್ಶನ ಮಾಡಿ ಬರುವುದಾದರೆ ಆ ದಾರಿ ಸರಿ, ಆದರೆ ಸಂಕ್ರಾಂತಿ ಹೊತ್ತಿನ ಚಿಕ್ಕ ಜಾತ್ರೆಯಲ್ಲಿ ಆ ಕಡೆಗೆ ತಲೆ ಹಾಕಬೇಡಿ.

ಪೆಟ್ರೋಲು ಚಾಮರಾಜನಗರದಲ್ಲೋ ಯಳಂದೂರಿನಲ್ಲೋ ತುಂಬಿಸಿ. ಸ್ಟೆಪ್ನಿಗೆ ಗಾಳಿ ಇದೆಯೇ, ಜಾಕು, ಸ್ಪ್ಯಾನರು ಡಿಕ್ಕಿಯಲ್ಲಿವೆಯೇ ನೋಡಿಕೊಳ್ಳಿ, ಮೇಲೆ ಪಂಕ್ಚರ್ ಅಂಗಡಿ ಹುಡುಕುವ ಹಾಗಿಲ್ಲ. ನಗದು ಇಟ್ಟುಕೊಳ್ಳಿ. ಬುಕಿಂಗ್ ಚೀಟಿಯ ಪ್ರಿಂಟು, ಆಧಾರ್ ಅಥವಾ ಲೈಸೆನ್ಸು ಕೈಯಲ್ಲಿರಲಿ. ಗೇಟಿನ ಹತ್ತಿರ ಸಿಗ್ನಲ್ ಕೈಕೊಟ್ಟು, ಮೇಲ್ ತೆರೆಯದೆ ಪೇಚಾಡುವವರು ವಾರಕ್ಕೊಬ್ಬರಾದರೂ ಸಿಗುತ್ತಾರೆ. ಲಾಡ್ಜಿಗೆ ‘ಬರ್ತಾ ಇದ್ದೀವಿ’ ಎಂದು ಪೇಟೆಯಲ್ಲಿದ್ದಾಗಲೇ ತಿಳಿಸಿಬಿಡಿ.

ಡಿಸೆಂಬರ್, ಜನವರಿಯಲ್ಲಿ ಬರುವವರಿಗೆ ಊರವರೇ ಹೇಳಬೇಕಾದ ಮಾತೊಂದಿದೆ. ಆ ತಿಂಗಳಲ್ಲಿ ನಮ್ಮ ಕಡೆ ರಸ್ತೆಯೇ ಕಣ. ಹುರುಳಿ, ರಾಗಿಯನ್ನು ಟಾರಿನ ಮೇಲೆ ಹರಡುತ್ತಾರೆ, ಓಡುವ ಗಾಡಿಯ ಚಕ್ರ ಒಕ್ಕಣೆ ಮಾಡಿಕೊಡುತ್ತದೆ. ಪೊಲೀಸರು ಬೇಡ ಅಂದರೂ ನಿಂತಿಲ್ಲ. ರಾಗಿ ಹುಲ್ಲಿಗಿಂತ ಒಣ ಹುರುಳಿ ಬಳ್ಳಿ ಅಪಾಯ. ಅದು ಉದ್ದಕ್ಕೆ ಹೆಣೆದುಕೊಂಡಿರುತ್ತದೆ. ಕಾರಿನ ಅಡಿಗೆ ಸುತ್ತಿಕೊಂಡು ಕಾದ ಸೈಲೆನ್ಸರಿಗೆ ತಾಗಿದರೆ ಹತ್ತಿಕೊಳ್ಳುತ್ತದೆ, ಹೀಗೆ ಉರಿದುಹೋದ ಕಾರುಗಳಿವೆ. ರಾಶಿ ದಪ್ಪವಾಗಿದ್ದರೆ ನಿಲ್ಲಿಸಿ, ‘ಅಣ್ಣಾ, ಒಸಿ ದಾರಿ ಬುಡಿ’ ಅಂದರೆ ಒಂದು ಚಕ್ರದಗಲ ಸರಿಸಿಕೊಡುತ್ತಾರೆ. ದಾಟಿದ ಮೇಲೆ ಒಂದು ಫರ್ಲಾಂಗು ಹೋಗಿ ಕೆಳಗೆ ಬಗ್ಗಿ ನೋಡಿ, ಸಿಕ್ಕಿಕೊಂಡಿದ್ದನ್ನು ಕೋಲಿನಿಂದ ಎಳೆದುಹಾಕಿ.

ಕೊಯಮತ್ತೂರಿನಿಂದ ಬರುವ ನಿಮ್ಮ ಸ್ನೇಹಿತರಿಗೆ ಬಣ್ಣಾರಿ, ದಿಂಬಂ, ಹಾಸನೂರು, ಪುಣಜನೂರು ದಾರಿ. ದಿಂಬಂ ಘಾಟಿಯಲ್ಲಿ 27 ತಿರುವುಗಳು, ಅಲ್ಲಿಯೂ ರಾತ್ರಿ ಓಡಾಟಕ್ಕೆ ನಿರ್ಬಂಧವಿದೆ. ಬೆಳಕಿದ್ದಾಗಲೇ ಘಾಟಿ ಹತ್ತಿಸಲು ಹೇಳಿ. ಕರ್ನಾಟಕ, ತಮಿಳುನಾಡು ಗಡಿಯ ಎರಡೂ ಕಡೆ ಕಬ್ಬಿನ ಲಾರಿಗಾಗಿ ಕಾದು ನಿಲ್ಲುವ ಆನೆಗಳಿವೆ. ಯಾರೋ ಒಮ್ಮೆ ಕರುಣೆಯಿಂದಲೋ ಫೋಟೋ ಆಸೆಗೋ ಎಸೆದ ಜಲ್ಲೆಯಿಂದ ಕಲಿತ ಪಾಠ ಅದು. ಈಗ ಕಬ್ಬಿಲ್ಲದ ಗಾಡಿಯನ್ನೂ ಅವು ತಡೆದು ನೋಡುತ್ತವೆ. ತಮಿಳು ಬಾರದಿದ್ದರೆ ಹೇಗೆ ಎಂದಿರಿ. ಗಡಿ ದಾಟಿದ ಮೇಲೂ ತಾಳವಾಡಿಯಲ್ಲಿ ಕನ್ನಡವೇ ಮನೆಮಾತು. 1956ರವರೆಗೆ ಕೊಳ್ಳೇಗಾಲ ಮದರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಭಾಷಾವಾರು ವಿಂಗಡಣೆಯಲ್ಲಿ ಕೊಳ್ಳೇಗಾಲ ಈಚೆಗೆ ಬಂತು, ತಾಳವಾಡಿ ಆಚೆಗೇ ಉಳಿಯಿತು. ವೀರಪ್ಪನ್ ಭಯ ಇನ್ನೂ ಇದೆಯಾ ಎಂಬುದಕ್ಕೆ ಉತ್ತರ ಚಿಕ್ಕದು: 2004ರ ಅಕ್ಟೋಬರಿನಲ್ಲಿ ಆತ ಸತ್ತ. ಈಗ ಈ ದಾರಿಯಲ್ಲಿ ಹೆದರಬೇಕಾದ್ದು ಆನೆಗೆ.

ರಸ್ತೆಯಲ್ಲಿ ಆನೆ ಸಿಕ್ಕರೆ ಏನು ಮಾಡಬೇಕು ಅನ್ನುವುದಕ್ಕೆ ಸ್ವಲ್ಪ ಬಿಡಿಸಿ ಹೇಳಬೇಕು. ಕಂಡ ಕೂಡಲೇ ನಿಲ್ಲಿಸಿ, ಐವತ್ತು ಮೀಟರಿಗಿಂತ ಹತ್ತಿರ ಹೋಗಬೇಡಿ. ಎಂಜಿನ್ ಓಡುತ್ತಿರಲಿ, ಆದರೆ ಆಕ್ಸಿಲರೇಟರ್ ಒತ್ತಿ ಗುರ್ ಅನ್ನಿಸಬೇಡಿ. ಹಾರ್ನ್ ಇಲ್ಲ, ಲೈಟು ಮಿನುಗಿಸುವುದಿಲ್ಲ, ಇಳಿಯುವುದಂತೂ ಇಲ್ಲವೇ ಇಲ್ಲ. ಮುಂದಿನ ಗಾಡಿ ನಿಂತಿದ್ದರೆ ಅದರ ಬಾಲಕ್ಕೆ ಅಂಟಿ ನಿಲ್ಲಿಸಬೇಡಿ, ಅವನಿಗೆ ಹಿಂದಕ್ಕೆ ಬರಲು ಜಾಗ ಬೇಕು. ಬಹುಪಾಲು ಕೇಡು ಆಗುವುದು ಆನೆಯಿಂದಲ್ಲ, ಸಾಲಾಗಿ ಸಿಕ್ಕಿಕೊಂಡ ಕಾರುಗಳಿಂದ. ಕಿವಿ ಅಗಲಿಸಿ ನಾಲ್ಕು ಹೆಜ್ಜೆ ನುಗ್ಗಿ ನಿಂತರೆ ಅದು ಸಾಮಾನ್ಯವಾಗಿ ಹೆದರಿಸುವ ಆಟ. ಕಿವಿಯನ್ನು ಹಿಂದಕ್ಕೆ ಅಂಟಿಸಿ ಸೊಂಡಿಲು ಒಳಕ್ಕೆ ಸುರುಳಿ ಸುತ್ತಿ ಬಂದರೆ ಆಟವಲ್ಲ, ನೇರವಾಗಿ ರಿವರ್ಸಿನಲ್ಲಿ ಹೋಗಿ. ಒಂದು ಆನೆ ರಸ್ತೆ ದಾಟಿತೆಂದು ತಕ್ಷಣ ಹೊರಡಬೇಡಿ. ಹಿಂದೆ ಮರಿ ಇರಬಹುದು, ತಾಯಿಗೂ ಮರಿಗೂ ನಡುವೆ ಸಿಕ್ಕಿಕೊಂಡವರಿಗೆ ಈ ಸೂತ್ರ ಯಾವುದೂ ನೆರವಾಗುವುದಿಲ್ಲ.

ಗೇಟಿನಿಂದ ಮೇಲೇರುವಾಗ ಕಿಟಕಿಯಾಚೆ ಕಾಡು ಬದಲಾಗುವುದನ್ನು ನೋಡಿ. ಕೆಳಗೆ ಮುಳ್ಳುಪೊದೆ, ಆಮೇಲೆ ಬೇಸಿಗೆಯಲ್ಲಿ ಎಲೆ ಉದುರಿಸುವ ಕಾಡು, ಎತ್ತರಕ್ಕೆ ಹೋದಂತೆ ಹುಲ್ಲುಗುಡ್ಡದ ಮಡಿಲುಗಳಲ್ಲಿ ಶೋಲಾ ಎನ್ನುವ ಹಸಿರು ಕಾಡು. ಎಲ್ಲ ಕಡೆ ಎದೆಯೆತ್ತರ ಬೆಳೆದು ನಿಂತಿರುವುದು ಲಂಟಾನ ಎಂಬ ಕಳೆಪೊದೆ. ಸಫಾರಿಯಲ್ಲಿ ಪ್ರಾಣಿ ಹತ್ತು ಅಡಿ ದೂರದಲ್ಲಿದ್ದರೂ ಕಾಣದಿರಲು ಅದೇ ಕಾರಣ. ಈ ಬೆಟ್ಟದ ಆದಿವಾಸಿಗಳಾದ ಸೋಲಿಗರು ಹಿಂದೆ ಬೇಸಿಗೆಯ ಮೊದಲಲ್ಲಿ ತರಗೆಲೆಗೆ ಸಣ್ಣ ಬೆಂಕಿ ಹಾಕುತ್ತಿದ್ದರು, ಅದಕ್ಕೆ ತರಗು ಬೆಂಕಿ ಎನ್ನುತ್ತಾರೆ. ಅದು ನಿಂತ ಮೇಲೆ ಲಂಟಾನ ಏರಿತು ಎನ್ನುವುದು ಅವರ ಮಾತು. ಹುಲಿಗೆಂದೇ ಬರುವವರಿಗೆ ಹೇಳುವುದು: ಬಂಡೀಪುರ, ಕಬಿನಿಯ ಲೆಕ್ಕ ಇಲ್ಲಿ ಹಾಕಬೇಡಿ. ಕಾಟಿ, ಸೀಳುನಾಯಿ, ಕೆಂದಳಿಲು, ಹಕ್ಕಿಗಳನ್ನು ನೋಡಲು ಬನ್ನಿ.

ಲಾಡ್ಜು ಸೇರಿದ ಮೇಲೆ ಮೊದಲು ಟೆಂಟಿನ ಜಿಪ್ಪು ನೋಡಿ. ಪೂರ್ತಿ ತುದಿಯವರೆಗೆ ಎಳೆಯದಿದ್ದರೆ ಕೋತಿ ಬೆರಳು ತೂರಿಸಿ ತೆರೆಯುತ್ತದೆ. ಬಿಸ್ಕತ್ತು, ಬಾಳೆಹಣ್ಣು, ಕುರುಕಲು ಯಾವುದೂ ಟೆಂಟಿನಲ್ಲಿ ಬೇಡ, ಊಟದ ಮನೆಯವರಿಗೆ ಕೊಟ್ಟುಬಿಡಿ. ಆವರಣದಲ್ಲಿ ಹಂದಿ, ಜಿಂಕೆ ಮನೆಯ ದನದಂತೆ ಓಡಾಡುತ್ತವೆ. ಸಾಧುವೆಂದು ಮಕ್ಕಳನ್ನು ಹತ್ತಿರ ಬಿಡಬೇಡಿ, ಮರಿಯಿರುವ ಹಂದಿ ನುಗ್ಗುತ್ತದೆ. ಕತ್ತಲಾದ ಮೇಲೆ ಊಟಕ್ಕೆ ಹೋಗುವಾಗ ಟಾರ್ಚು ಹಿಡಿದು, ಸಾಧ್ಯವಾದರೆ ಸಿಬ್ಬಂದಿಯನ್ನು ಕರೆದುಕೊಂಡೇ ನಡೆಯಿರಿ. ಮೊಬೈಲ್ ಬೆಳಕು ಸಾಲದು, ಕಾಲಡಿ ಮಾತ್ರ ಕಾಣುತ್ತದೆ. ಬೆಳಿಗ್ಗೆ ಶೂ ಕೊಡವಿ ಹಾಕಿಕೊಳ್ಳಿ. ಡಿಸೆಂಬರಿನಲ್ಲಿ ಬೆಳಗಿನ ಜೀಪಿಗೆ ಸ್ವೆಟರು, ಕಿವಿಗೆ ಮಫ್ಲರು ಬೇಕೇ ಬೇಕು. ಬಟ್ಟೆ ಬೂದು, ಹಸಿರು, ಮಣ್ಣು ಬಣ್ಣದ್ದಿರಲಿ. ಸೆಂಟು ಬೇಡ.

ಮಳೆಗಾಲದಲ್ಲಿ ಜಿಗಣೆ, ಒಣ ತಿಂಗಳಲ್ಲಿ ಉಣ್ಣೆ ಹುಳು. ಜಿಗಣೆಗೆ ಉಪ್ಪು ಸಾಕು, ಕಚ್ಚಿದ ಜಾಗ ತುರಿಸಿದರೂ ಕೇಡಿಲ್ಲ. ಉಣ್ಣೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹುಲ್ಲಿನಲ್ಲಿ ಕೂರಬೇಡಿ, ಪ್ಯಾಂಟನ್ನು ಸಾಕ್ಸಿನೊಳಗೆ ತೂರಿಸಿ, ವಾಪಸ್ ಬಂದ ಕೂಡಲೇ ಸ್ನಾನ ಮಾಡಿ ಕಂಕುಳು, ತೊಡೆಸಂದು, ಕಿವಿಯ ಹಿಂದೆ ನೋಡಿಕೊಳ್ಳಿ. 2012-13ರಲ್ಲಿ ಬಂಡೀಪುರದ ಕಡೆ, ಉಣ್ಣೆ ಕಚ್ಚಿ ಹರಡುವ ಮಂಗನ ಕಾಯಿಲೆ ಕಂಡಿತ್ತು. ಸತ್ತ ಕೋತಿ ಕಂಡರೆ ಮುಟ್ಟದೆ ಅರಣ್ಯ ಸಿಬ್ಬಂದಿಗೆ ತಿಳಿಸಿ. ಊರಿಗೆ ಹೋದ ಮೇಲೆ ಜ್ವರ ಬಂದರೆ ಡಾಕ್ಟರಿಗೆ ಕಾಡಿಗೆ ಹೋಗಿದ್ದೆ ಎಂದು ಹೇಳಿ.

ಇಲ್ಲಿ ಜನರಿಲ್ಲ ಎಂದುಕೊಂಡು ಬರಬೇಡಿ. ಸೋಲಿಗರ ಪೋಡುಗಳಿವೆ, ಅಂದರೆ ಅವರ ಪುಟ್ಟ ಊರುಗಳು. ಎಚ್.ಡಿ. ಕೋಟೆ ಕಡೆ ಹಾಡಿ ಎನ್ನುವುದನ್ನು ಇಲ್ಲಿ ಪೋಡು ಎನ್ನುತ್ತಾರೆ. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾದ ವರ್ಷವೇ ಅವರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕೂ ಸಿಕ್ಕಿತು. ಬೆಟ್ಟದ ರಂಗಪ್ಪ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಕೈಹಿಡಿದವನು, ಹಾಗಾಗಿ ಅವರಿಗೆ ದೇವರು ಭಾವ. ಜೀಪಿನಲ್ಲಿ ನಿಮ್ಮ ಜೊತೆ ಕೂರುವವರು ಸೋಲಿಗರಾದರೆ ಅದೃಷ್ಟ. ‘ಹುಲಿ ಎಲ್ಲಿ’ ಎಂದು ಪೀಡಿಸದೆ ಮರದ ಹೆಸರು ಕೇಳಿ, ಮಾತು ತಾನಾಗಿ ಬರುತ್ತದೆ. ಪೋಡಿನೊಳಗೆ ಕ್ಯಾಮೆರಾ ಹಿಡಿದು ನುಗ್ಗಬೇಡಿ. ಜೇನುತುಪ್ಪ ಬೇಕಿದ್ದರೆ ಲ್ಯಾಂಪ್ಸ್ ಸೊಸೈಟಿಯ (ಆದಿವಾಸಿಗಳ ಸಹಕಾರ ಸಂಘ) ಮಳಿಗೆಯಲ್ಲಿ ಕೊಳ್ಳಿ, ರಸ್ತೆಬದಿಯ ಬಾಟಲಿಯಲ್ಲಿ ಬೆಲ್ಲದ ಪಾಕವೂ ಇರಬಹುದು. ಊಟಕ್ಕೆ ‘ಹಿಟ್ಟು’ ಇದೆ ಅಂದರೆ ಗೊಂದಲಪಡಬೇಡಿ, ನಮ್ಮ ಕಡೆ ಮುದ್ದೆಗೆ ಹಿಟ್ಟು ಎಂದೇ ಹೆಸರು. ಅದರ ಜೊತೆ ಉಪ್ಪೆಸರು ಎನ್ನುವ ಸಾರಿದ್ದರೆ ಬಿಡಬೇಡಿ.

ವಾಪಸ್ ಹೋಗುವಾಗ ಬಂದ ದಾರಿಯಲ್ಲೇ ಇಳಿಯಬೇಕೆಂದಿಲ್ಲ. ಬೆಳಗಿನ ಸಫಾರಿ, ತಿಂಡಿ ಮುಗಿಸಿ ಹತ್ತೂವರೆಗೆ ಬಿಟ್ಟರೆ ಬೆಟ್ಟದ ದೇವಸ್ಥಾನ ನೋಡಿ ಗುಂಬಳ್ಳಿ ಕಡೆ ಇಳಿಯಬಹುದು. ಭಾರ್ಗವಿ ಹೊಳೆಯ ದಡದ ದೊಡ್ಡ ಸಂಪಿಗೆ ಸೋಲಿಗರ ಪೂಜೆಯ ಮರ, ಅಲ್ಲಿಗೆ ಹೋಗುವುದಿದ್ದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಇಳಿಜಾರಿನಲ್ಲಿ ಗಾಡಿಯನ್ನು ಎರಡನೇ ಗೇರಿನಲ್ಲಿ ಬಿಡಿ. ಉದ್ದಕ್ಕೂ ಬ್ರೇಕು ತುಳಿದುಕೊಂಡು ಬಂದರೆ ಬ್ರೇಕು ಕಾದು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಹಿಡಿತವೇ ಇರುವುದಿಲ್ಲ. ವಾಸನೆ ಬಂದರೆ ಕಾಡಿನ ನಡುವೆ ನಿಲ್ಲಿಸದೆ ಮೊದಲ ಗೇರಿಗೆ ಇಳಿಸಿ, ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿ ಆರಲು ಬಿಡಿ.