ಅಜ್ಜಿಯ ಧಾರಾವಾಹಿ, ಮೊಮ್ಮಗಳ ಊಟ: ಕನೆಕ್ಷನ್ ತೆಗೆಸಬೇಕೆ?

ನೀವು ಕೇಳಿದ್ದು ಇಷ್ಟು: ಮನೆ ಹುಬ್ಬಳ್ಳಿಯಲ್ಲಿ. ಅತ್ತೆಯವರು ಸಂಜೆ ಆರಕ್ಕೆ ಟಿವಿ ಹಚ್ಚಿದರೆ ಹತ್ತರ ತನಕ ಆರಿಸುವುದಿಲ್ಲ. ಐದು ವರ್ಷದ ಮಗಳು ಅವರ ಪಕ್ಕದಲ್ಲೇ ಕೂತು ಎಲ್ಲ ಧಾರಾವಾಹಿ ನೋಡುತ್ತಾಳೆ, ಟಿವಿ ಇಲ್ಲದೆ ತುತ್ತು ನುಂಗುವುದಿಲ್ಲ. ಮೊನ್ನೆ ಶಾಲೆಯಲ್ಲಿ ಗೆಳತಿಗೆ "ನಿನ್ನನ್ನು ಈ ಮನೆಯಿಂದ ಓಡಿಸದೆ ಬಿಡಲ್ಲ" ಅಂದಳಂತೆ. ಕನೆಕ್ಷನ್ ತೆಗೆಸಿಬಿಡಲೇ? ಟಿವಿ ನಿಜಕ್ಕೂ ಜನರನ್ನು ಕೆಡಿಸುತ್ತದೆಯೇ? ಅತ್ತೆಯವರಿಗೆ ಇಷ್ಟವಾದ ಹಳೆ ರೇಡಿಯೊ ಹಚ್ಚಿದರೆ ಬರೀ ಗೊರ್ರ್ ಅನ್ನುತ್ತದೆ, ಅದಕ್ಕೇನು ಮಾಡುವುದು?

ತೆಗೆಸಬೇಡಿ. ದಿನವಿಡೀ ಮನೆಯಲ್ಲೇ ಇರುವ ಹಿರಿಯರಿಗೆ ಸಂಜೆಯ ಧಾರಾವಾಹಿ ಅಂದರೆ ಜೊತೆ. ಅದನ್ನು ಕಿತ್ತುಕೊಂಡರೆ ಮನೆಯಲ್ಲಿ ಜಗಳ ಉಳಿಯುತ್ತದೆ, ಮಗಳ ಕೈಗೆ ಮೊಬೈಲ್ ಬರುತ್ತದೆ. ಟಿವಿಯಲ್ಲಿ ಒಂದು ಸಂಚಿಕೆಗೆ ಕೊನೆ ಅಂತ ಇರುತ್ತದೆ, ಮೊಬೈಲಿನ ಸಣ್ಣ ವಿಡಿಯೊಗಳಿಗೆ ಅದೂ ಇಲ್ಲ. ಧಾರಾವಾಹಿಯಿಂದ ಮನೆಗೆ ಆಗುವ ದೊಡ್ಡ ನಷ್ಟ ಅದರ ಕಥೆಯಿಂದಲ್ಲ, ಅದು ಹಿಡಿದುಕೊಳ್ಳುವ ಹೊತ್ತಿನಿಂದ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಊಟದ ಹೊತ್ತು, ಮಾತಿನ ಹೊತ್ತು, ಮಲಗುವ ಹೊತ್ತು. ಮೊದಲು ಇವನ್ನು ಬಿಡಿಸಿಕೊಳ್ಳಬೇಕು.

ಅದು ಹೊತ್ತನ್ನು ಹೇಗೆ ಹಿಡಿಯುತ್ತದೆ ನೋಡ್ರಿ. ನಿಯಮದ ಪ್ರಕಾರ ಒಂದು ಗಂಟೆಗೆ 12 ನಿಮಿಷ ಜಾಹೀರಾತು ಹಾಕಬಹುದು: 10 ನಿಮಿಷ ವ್ಯಾಪಾರದ್ದು, 2 ನಿಮಿಷ ಚಾನೆಲ್ಲಿನ ಸ್ವಂತದ್ದು. ಅಂದರೆ ಅರ್ಧ ಗಂಟೆಯಲ್ಲಿ ಆರು ನಿಮಿಷ ಅಲ್ಲೇ ಹೋಯಿತು. ಶೀರ್ಷಿಕೆ, ಹಿಂದಿನ ಸಂಚಿಕೆಯ ತುಣುಕು, ನಾಳೆಯ ತುಣುಕು ಕಳೆದರೆ ಉಳಿಯುವುದು 20 ನಿಮಿಷದ ಆಸುಪಾಸು. ಆ ಇಪ್ಪತ್ತು ನಿಮಿಷದಲ್ಲಿ ನಿಜವಾಗಿ ನಡೆಯುವ ಘಟನೆ ಒಂದು, ಹೆಚ್ಚೆಂದರೆ ಎರಡು. ಒಂದು ಕಪಾಳಮೋಕ್ಷ ಅಂದುಕೊಳ್ಳಿ. ಹೊಡೆದದ್ದು ಒಂದೇ ಏಟು, ಅದನ್ನೇ ಮೂರು ಕಡೆಯಿಂದ ಮೂರು ಸಲ ತೋರಿಸುತ್ತಾರೆ, ಪ್ರತಿ ಸಲವೂ ಗುಡುಗಿನಂಥ ಸದ್ದು. ಆಮೇಲೆ ಪಡಸಾಲೆಯಲ್ಲಿ ಎಂಟು ಜನ ನಿಂತಿದ್ದರೆ ಎಂಟೂ ಮುಖಗಳ ಮೇಲೆ ಕ್ಯಾಮೆರಾ ಒಂದೊಂದು ಸುತ್ತು ಹೋಗಿ ಬರುತ್ತದೆ. ವಾರಕ್ಕೆ ಐದಾರು ಸಂಚಿಕೆ ಕೊಡಲೇಬೇಕಾದ ತಂಡಕ್ಕೆ ಹೊಸ ದೃಶ್ಯ ಬರೆಯುವುದಕ್ಕಿಂತ ಇದ್ದ ದೃಶ್ಯವನ್ನು ಎಳೆಯುವುದು ಸುಲಭ. ಮುಂದೇನು ಅನ್ನುವ ಗಂಟು ಹಾಕುವುದು ಜಾಹೀರಾತಿಗೆ ಮುಂಚೆ ಒಮ್ಮೆ, ಸಂಚಿಕೆಯ ಕೊನೆಗೆ ಇನ್ನೊಮ್ಮೆ, ವಾರದ ಕೊನೆಗೆ ಎಲ್ಲಕ್ಕಿಂತ ಬಿಗಿಯಾದದ್ದು. ಒಂದು ಧಾರಾವಾಹಿ ಮುಗಿದು ಇನ್ನೊಂದು ಶುರುವಾಗುವ ನಡುವೆ ಏಳಲು ಪುರಸೊತ್ತೇ ಕೊಡುವುದಿಲ್ಲ.

ಇದರ ಹಿಂದೆ ಇರುವುದು ಟಿಆರ್‌ಪಿ, ಅಂದರೆ ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡಿದರು ಅನ್ನುವ ಲೆಕ್ಕ. 2015ರಿಂದ ಬಾರ್ಕ್ ಅನ್ನುವ ಸಂಸ್ಥೆ ಇದನ್ನು ಅಳೆಯುತ್ತಿದೆ. ಇಡೀ ದೇಶದಲ್ಲಿ 50 ಸಾವಿರಕ್ಕಿಂತ ಹೆಚ್ಚು ಮನೆಗಳಲ್ಲಿ ಮೀಟರ್ ಕೂಡಿಸಿದ್ದಾರೆ. ಚಾನೆಲ್ಲಿನ ಧ್ವನಿಯೊಳಗೆ ಕಿವಿಗೆ ಕೇಳದಂಥ ಒಂದು ಗುರುತು ಸೇರಿಸಿರುತ್ತಾರೆ, ಮೀಟರ್ ಅದನ್ನು ಹಿಡಿದು ಯಾವ ಚಾನೆಲ್ ಎಷ್ಟು ಹೊತ್ತು ಓಡಿತು ಅಂತ ಬರೆದಿಟ್ಟುಕೊಳ್ಳುತ್ತದೆ. ಗುರುವಾರ ಲೆಕ್ಕ ಹೊರಗೆ ಬರುತ್ತದೆ, ಅದರ ಮೇಲೆ ಜಾಹೀರಾತಿನ ದರ, ಅದರ ಮೇಲೆ ಕಥೆಯ ತಿರುವು. ಸೊಸೆಯ ಮೇಲೆ ಸಂಚು ಮಾಡಿದ ವಾರ ಅಂಕಿ ಏರಿದ್ದರೆ ಸಂಚು ಇನ್ನೂ ತಿಂಗಳು ಬೆಳೆಯುತ್ತದೆ.

ಈ ಎಳೆದಾಟವೇ ನಿಮಗೆ ಅನುಕೂಲ. ವಾರಕ್ಕೆ ಎರಡು ಸಂಚಿಕೆ ಬಿಟ್ಟರೂ ಕಥೆ ತಪ್ಪುವುದಿಲ್ಲ. ಜೊತೆಗೆ ರಾತ್ರಿಯ ಸಂಚಿಕೆಗಳು ಸಾಮಾನ್ಯವಾಗಿ ಮರುದಿನ ಹಗಲು ಅದೇ ಚಾನೆಲ್ಲಿನಲ್ಲಿ ಮತ್ತೆ ಬರುತ್ತವೆ. ಹಾಗಾಗಿ ಅತ್ತೆಯವರ ಜೊತೆ ಕೂತು ಅವರು ನೋಡುವ ಧಾರಾವಾಹಿಗಳನ್ನೆಲ್ಲ ಒಂದು ಹಾಳೆಯ ಮೇಲೆ ಬರೆಯಿರಿ. ಬಿಡಲಾಗದ ಎರಡನ್ನು ಅವರೇ ಆರಿಸಲಿ, ನೀವು ಆರಿಸಬೇಡಿ. ಆ ಎರಡನ್ನು ರಾತ್ರಿ ನೋಡಲಿ. ಉಳಿದವು ಮರುದಿನ ಹಗಲಿಗೆ, ಮಗಳು ಶಾಲೆಯಲ್ಲಿರುವಾಗ. ಅವರಿಗೆ ಒಂದೂ ತಪ್ಪಲಿಲ್ಲ, ಮೇಲಾಗಿ ಹಗಲಿನ ಒಂಟಿತನಕ್ಕೂ ಜೊತೆಯಾಯಿತು. ಸೆಟ್‌ಟಾಪ್ ಬಾಕ್ಸಿಗೆ ಪಿನ್ ಹಾಕಿ ಚಾನೆಲ್ ಲಾಕ್ ಮಾಡುವ ದಾರಿಯೂ ಇದೆ, ಆದರೆ ಹಿರಿಯರಿರುವ ಮನೆಯಲ್ಲಿ ಅದು ಅವಮಾನದ ಕೆಲಸ. ಮಾಡಬೇಡಿ.

ಏಳರಿಂದ ಎಂಟೂಕಾಲರ ತನಕ ಟಿವಿ ಬಂದ್. ಬರೀ ಸದ್ದು ಕಡಿಮೆ ಮಾಡಿದರೆ ಸಾಲದು. ಮಗುವನ್ನು ಟಿವಿಗೆ ಬೆನ್ನು ಮಾಡಿ ಕೂಡಿಸಿದರೂ ಆ ಡೋಲಿನ ಸದ್ದಿಗೆ ಕತ್ತು ತಿರುಗೇ ತಿರುಗುತ್ತದೆ. ಯಾರೂ ನೋಡದೆ ಸುಮ್ಮನೆ ಓಡುವ ಟಿವಿಯೂ ನಿರುಪದ್ರವಿಯಲ್ಲ. ಅಂಥ ಕೋಣೆಯಲ್ಲಿ ದೊಡ್ಡವರು ಮಕ್ಕಳೊಂದಿಗೆ ಆಡುವ ಮಾತು ಕಡಿಮೆಯಾಗುತ್ತದೆ, ಮಕ್ಕಳು ಒಂದೇ ಆಟದಲ್ಲಿ ಮನಸ್ಸಿಟ್ಟು ಆಡುವ ಹೊತ್ತು ತುಂಡಾಗುತ್ತದೆ, ಇದನ್ನು ಅಧ್ಯಯನಗಳು ತೋರಿಸಿವೆ. ಮಕ್ಕಳ ವೈದ್ಯರ ಸಂಘಟನೆಯಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಹೇಳುವ ಮಿತಿ ಹೀಗಿದೆ: ಎರಡು ವರ್ಷದೊಳಗೆ ಪರದೆಯೇ ಬೇಡ, ಎರಡರಿಂದ ಐದರ ತನಕ ದಿನಕ್ಕೆ ಒಂದು ಗಂಟೆ ಮೀರಬಾರದು, ಐದರಿಂದ ಹತ್ತರ ತನಕ ಎರಡು ಗಂಟೆಗಿಂತ ಕಡಿಮೆ. ಟಿವಿ, ಮೊಬೈಲ್ ಎರಡೂ ಸೇರಿ.

ಊಟದ ವಿಷಯದಲ್ಲಿ ಮೊದಲ ಮೂರ್ನಾಲ್ಕು ದಿನ ಕಷ್ಟ. ಟಿವಿ ಮುಂದೆ ಉಣ್ಣುವ ಮಗು ಹೊಟ್ಟೆ ತುಂಬಿದ್ದನ್ನೂ ಹಸಿವನ್ನೂ ಗಮನಿಸಿರುವುದಿಲ್ಲ, ಬಾಯಿ ತೆರೆಯುವುದಷ್ಟೇ ರೂಢಿ. ಆರರ ನಂತರ ಬಿಸ್ಕೀಟು, ಚುರಮರಿ ಕೊಡಬೇಡಿ, ಏಳಕ್ಕೆ ಹಸಿವಾಗಿರಬೇಕು. ತಟ್ಟೆ ಬೇರೆ ಮಾಡಿ, ಅವಳ ಕೈಯಲ್ಲೇ ಉಣ್ಣಲಿ. ಅರ್ಧ ರೊಟ್ಟಿ, ಒಂದು ಹಿಡಿ ಅನ್ನ, ಅಷ್ಟರಿಂದ ಶುರು. ಅರ್ಧ ಗಂಟೆಯಾದ ಮೇಲೆ ತಟ್ಟೆ ಎತ್ತಿಬಿಡಿ, ಬೈಯದೆ. ಹೆಚ್ಚಿನ ಮನೆಗಳು ಸೋಲುವುದು ಮೂರನೇ ದಿನ: ಮಗು ಅತ್ತು ಅತ್ತು ಸುಸ್ತಾದಾಗ "ಇವತ್ತೊಂದು ದಿನ" ಅಂತ ಹಚ್ಚಿಬಿಡುತ್ತಾರೆ. ಅರ್ಧ ಗಂಟೆ ಅತ್ತರೆ ಟಿವಿ ಬರುತ್ತದೆ ಅನ್ನುವುದು ಮಗುವಿಗೆ ಅಲ್ಲಿಗೆ ಗೊತ್ತಾಯಿತು, ಮುಂದಿನ ಸಲ ಮುಕ್ಕಾಲು ಗಂಟೆ ಅಳುತ್ತಾಳೆ. ಶುರು ಮಾಡುವ ವಾರದಲ್ಲಿ ಮನೆಗೆ ನೆಂಟರಿರಬಾರದು, ಹಬ್ಬ ಇರಬಾರದು, ಮನೆಯ ಗಂಡಸರ ಕ್ರಿಕೆಟ್ ಮ್ಯಾಚೂ ಇರಬಾರದು. ಅಜ್ಜಿಯ ಟಿವಿ ಮಾತ್ರ ಬಂದ್, ಅಪ್ಪನ ಮ್ಯಾಚ್ ಚಾಲೂ ಅಂದರೆ ಆ ನಿಯಮ ಎರಡು ದಿನವೂ ಉಳಿಯುವುದಿಲ್ಲ, ಉಳಿಯಲೂಬಾರದು.

ಇನ್ನು ಆ "ಓಡಿಸದೆ ಬಿಡಲ್ಲ" ಅನ್ನುವ ಮಾತು. ಗದರಿಸಬೇಡಿ, ಅವಳಿಗೆ ಅದರ ಅರ್ಥಕ್ಕಿಂತ ಗತ್ತು ಇಷ್ಟವಾಗಿದೆ. ರಾತ್ರಿಯ ಒಂದು ಸಂಚಿಕೆಯನ್ನು ಅಜ್ಜಿ ಮೊಮ್ಮಗಳು ಕೂಡಿ ನೋಡಲಿ, ನೋಡುತ್ತ ಅಜ್ಜಿ ಕೇಳಲಿ: "ಎಷ್ಟ್ ಸಲ ಹೊಡದ್ಲು? ಖರೇನ ಎಷ್ಟ್ ಸಲ?" ಮಗು ಎಣಿಸಲಿ. ಮೂರು ಸಲ ಕಂಡದ್ದು ಒಂದೇ ಏಟು ಅಂತ ಗೊತ್ತಾದ ಕೂಡಲೇ ಇದೆಲ್ಲ ಯಾರೋ ಕೂತು ಕಟ್ಟಿದ್ದು ಅನ್ನುವುದು ಐದು ವರ್ಷದ ತಲೆಗೂ ಹೊಳೆಯುತ್ತದೆ. ಎರಡನೆಯ ಆಟ, ಅದೇ ಮಾತನ್ನು ನಮ್ಮ ಮಾತಿನಲ್ಲಿ ಹೇಳಿಸುವುದು. "ನಮ್ ಮನ್ಯಾಗ ಹಿಂಗ ಸಿಟ್ಟ ಬಂದ್ರ ಅಜ್ಜಿ ಏನ್ ಅಂತಾಳ ಹೇಳು?"

ಈ ಎರಡನೆಯ ಆಟಕ್ಕೆ ಇನ್ನೊಂದು ಕಾರಣವೂ ಇದೆ, ನನಗೆ ಅದು ಹೆಚ್ಚು ಮುಖ್ಯ. ಧಾರಾವಾಹಿಯ ನಾಯಕ ನಾಯಕಿ ಆಡುವುದು ಹೆಚ್ಚಾಗಿ ಬೆಂಗಳೂರು ಮೈಸೂರು ಕಡೆಯ ಕನ್ನಡ. ನಮ್ಮ ಕಡೆಯ ಮಾತು ಬಂದರೆ ಬಹಳ ಸಲ ನಗಿಸುವ ಪಾತ್ರಕ್ಕೋ ಕೆಲಸದವರ ಪಾತ್ರಕ್ಕೋ. ಅದೂ ಸರಿಯಾಗಿ ಬರುವುದಿಲ್ಲ, ಪ್ರತಿ ಸಾಲಿಗೊಂದು "ಐತ್ರಿ", "ಮಂಗ್ಯಾ" ಸೇರಿಸಿದರೆ ಉತ್ತರ ಕರ್ನಾಟಕ ಆಯಿತು ಅಂದುಕೊಳ್ಳುತ್ತಾರೆ. "ಮಾಡಾಕತ್ತೀನಿ" ಅನ್ನುವ ಮನೆಯ ಪಕ್ಕದಲ್ಲೇ "ಮಾಡ್ಲಿಕ್ಕತ್ತೇನಿ" ಅನ್ನುವ ಮನೆ ಇದೆ, ಒಬ್ಬರಿಗೆ "ಐತಿ", ಇನ್ನೊಬ್ಬರಿಗೆ "ಅದ". ಆ ಸೂಕ್ಷ್ಮ ಯಾವುದೂ ಅಲ್ಲಿ ಉಳಿಯುವುದಿಲ್ಲ. ಮಗು "ಬನ್ನಿ, ಕೂತ್ಕೊಳ್ಳಿ" ಕಲಿತರೆ ಅಡ್ಡಿಯಿಲ್ಲ, ಇನ್ನೊಂದು ಕನ್ನಡ ಬಂತು, ಒಳ್ಳೆಯದೇ. "ಬರ್ರಿ, ಕುಂದರ್ರಿ" ಅನ್ನುವ ಅಜ್ಜಿಯನ್ನು ಕಂಡು ನಾಚಿಕೊಂಡರೆ ಅದು ನಷ್ಟ. ಧಾರವಾಡದ ಆಕಾಶವಾಣಿ ಶುರುವಾದದ್ದು 1950ರಲ್ಲಿ. ಬೇಂದ್ರೆಯವರು ಅದಕ್ಕೆ ಸಲಹೆಗಾರರಾಗಿದ್ದರು, ಮಲ್ಲಿಕಾರ್ಜುನ ಮನಸೂರರು ಸಂಗೀತದ ಸಲಹೆಗಾರರಾಗಿದ್ದರು. ಈ ನೆಲದ ಮಾತಿಗೂ ಹಾಡಿಗೂ ಮರ್ಯಾದೆಯ ಜಾಗ ಇತ್ತು. ಅತ್ತೆಯವರು ರೇಡಿಯೊ ನೆನೆಸುವುದು ಬರೀ ಹಳೆಯದರ ಮೋಹ ಅಂತ ತಳ್ಳಿಹಾಕಬೇಡಿ.

ಟಿವಿ ಸಮಾಜವನ್ನು ಕೆಡಿಸುತ್ತದೆಯೇ ಅಂದರೆ, ಬದಲಾಯಿಸುವುದಂತೂ ನಿಜ, ಅದು ಒಂದೇ ದಿಕ್ಕಿಗಲ್ಲ. ರಾಬರ್ಟ್ ಜೆನ್ಸೆನ್, ಎಮಿಲಿ ಆಸ್ಟರ್ ಎಂಬ ಅರ್ಥಶಾಸ್ತ್ರಜ್ಞರು ನಮ್ಮ ದೇಶದಲ್ಲೇ ಹೊಸದಾಗಿ ಕೇಬಲ್ ಬಂದ ಹಳ್ಳಿಗಳನ್ನು 2001ರಿಂದ 2003ರ ತನಕ ಗಮನಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಂಡತಿಗೆ ಹೊಡೆಯುವುದು ಸರಿ ಅನ್ನುವ ಹೆಂಗಸರು ಕಡಿಮೆಯಾಗಿದ್ದರು, ಗಂಡು ಮಗುವೇ ಬೇಕು ಅನ್ನುವ ಹಟ ತಗ್ಗಿತ್ತು, ಮನೆಯ ತೀರ್ಮಾನಗಳಲ್ಲಿ ಹೆಂಗಸರ ಮಾತು ಹೆಚ್ಚಿತ್ತು. ಅದೇ ಅತ್ತೆ ಸೊಸೆ ಧಾರಾವಾಹಿಗಳ ಕಾಲ ಅದು. ಸಂಚು, ಒಡವೆ, ಕಣ್ಣೀರಿನ ನಡುವೆಯೇ ಪೇಟೆಯ ಹೆಂಗಸರು ಓದುವುದು, ಹೊರಗೆ ಹೋಗಿ ದುಡಿಯುವುದು ಕಂಡಿತ್ತು. ಬ್ರೆಜಿಲ್‌ನಲ್ಲಿ ಧಾರಾವಾಹಿಗಳ ಚಾನೆಲ್ ತಲುಪಿದ ಕಡೆಗಳಲ್ಲಿ ಹೆರಿಗೆಗಳ ಸಂಖ್ಯೆ ಇಳಿದದ್ದನ್ನು ಇನ್ನೊಂದು ಅಧ್ಯಯನ ತೋರಿಸಿತು, ಯಾಕೆಂದರೆ ಪರದೆಯ ಮೇಲಿನ ಕುಟುಂಬಗಳು ಚಿಕ್ಕವಿದ್ದವು. ಆದ್ದರಿಂದ ಅತ್ತೆಯವರ ಎದುರು "ಆ ಹಾಳು ಧಾರಾವಾಹಿ" ಅನ್ನಬೇಡಿ.

ಯಾವುದಾದರೂ ದೃಶ್ಯ ನಿಜಕ್ಕೂ ಮಿತಿ ಮೀರಿತ್ತು ಅನ್ನಿಸಿದರೆ ದೂರು ಕೊಡಲು 2021ರ ನಿಯಮದಲ್ಲಿ ದಾರಿ ಇದೆ. ಮೀಟರ್ ಇಲ್ಲದ ಮನೆಯವರು ಟಿವಿ ಆರಿಸಿದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ, ಬರೆದ ದೂರು ಬರುತ್ತದೆ. ಚಾನೆಲ್, ಕಾರ್ಯಕ್ರಮ, ತಾರೀಖು, ಗಂಟೆ ನಿಮಿಷ, ದೃಶ್ಯದಲ್ಲಿ ಏನಿತ್ತು, ಇಷ್ಟು ಬರೆದು ಮೊದಲು ಚಾನೆಲ್ಲಿಗೇ ಕಳಿಸಿ. 24 ಗಂಟೆಯೊಳಗೆ ದೂರು ಬಂದಿದೆ ಅಂತ ತಿಳಿಸಬೇಕು, 15 ದಿನದೊಳಗೆ ತೀರ್ಮಾನ ಹೇಳಬೇಕು. ಒಪ್ಪಿಗೆಯಾಗದಿದ್ದರೆ ಮುಂದಿನ 15 ದಿನದೊಳಗೆ ಆ ಚಾನೆಲ್ ಸದಸ್ಯನಾಗಿರುವ ಸ್ವಯಂ ನಿಯಂತ್ರಣ ಮಂಡಳಿಗೆ ಮೇಲ್ಮನವಿ, ಅವರಿಗೆ 60 ದಿನ ಗಡುವು. "ಸಂಸ್ಕೃತಿ ಹಾಳಾಗುತ್ತಿದೆ" ಅಂತ ಒಟ್ಟಾರೆ ಬರೆದ ದೂರು ಎಲ್ಲಿಗೂ ಮುಟ್ಟುವುದಿಲ್ಲ.

ಈಗ ರೇಡಿಯೊ. ಧಾರವಾಡ ಆಕಾಶವಾಣಿ ಮೀಡಿಯಂ ವೇವ್‌ನ 765 ಕಿಲೋಹರ್ಟ್ಸ್‌ನಲ್ಲಿದೆ. ಮೊಬೈಲಿನ ರೇಡಿಯೊದಲ್ಲಿ ಅದು ಸಿಗುವುದಿಲ್ಲ, ಅಲ್ಲಿ ಬರುವುದು ಎಫ್‌ಎಂ ಮಾತ್ರ. ಹಳೆ ಸೆಟ್ಟೇ ಬೇಕು, ಇಲ್ಲವಾದರೆ ಆಕಾಶವಾಣಿಯ ನ್ಯೂಸ್ ಆನ್ ಏರ್ ಆ್ಯಪ್. ನಿಮ್ಮ ಸೆಟ್ಟಿನ ಗೊರ್ರ್ ಸದ್ದು ಬಹುಮಟ್ಟಿಗೆ ಮನೆಯೊಳಗಿನದೇ. ಮೊದಲು ಅಡಾಪ್ಟರ್ ತೆಗೆದು ಸೆಲ್ ಹಾಕಿ ನೋಡಿ. ಸದ್ದು ಹೋದರೆ ಅಡಾಪ್ಟರಿನ ತಪ್ಪು. ಹೋಗದಿದ್ದರೆ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್, ಸೆಟ್‌ಟಾಪ್ ಬಾಕ್ಸ್ ಒಂದೊಂದಾಗಿ ಬಂದ್ ಮಾಡುತ್ತ ಹೋಗಿ, ಯಾವುದು ಆರಿದಾಗ ದನಿ ತಿಳಿಯಾಗುತ್ತದೋ ಅದೇ ಕಳ್ಳ. ಅದರಿಂದ ಐದಾರು ಅಡಿ ದೂರ ಇಟ್ಟರೂ ಸಾಕಷ್ಟು ವ್ಯತ್ಯಾಸ ಬರುತ್ತದೆ. ಸ್ಲ್ಯಾಬಿನ ಮನೆಯಲ್ಲಿ ಕಬ್ಬಿಣ ಸಂಕೇತವನ್ನು ತಡೆಯುತ್ತದೆ, ಹಾಗಾಗಿ ಕಿಟಕಿಯ ಹತ್ತಿರ ಇಡಿ.

ಮೇಲೆ ಎಳೆಯುವ ಉದ್ದನೆಯ ಆಂಟೆನಾ ಎಫ್‌ಎಂ ಮತ್ತು ಶಾರ್ಟ್‌ವೇವ್‌ಗೆ, ಅದನ್ನು ಎಷ್ಟು ತಿರುಗಿಸಿದರೂ ಮೀಡಿಯಂ ವೇವ್‌ಗೆ ಉಪಯೋಗವಿಲ್ಲ. ಮೀಡಿಯಂ ವೇವ್‌ನ ಆಂಟೆನಾ ಸೆಟ್ಟಿನೊಳಗೆ ಉದ್ದಕ್ಕೆ ಮಲಗಿರುವ, ತಾಮ್ರದ ತಂತಿ ಸುತ್ತಿದ ಕಪ್ಪು ಫೆರೈಟ್ ಕಡ್ಡಿ. ಅದರ ತುದಿ ಕೇಂದ್ರದ ಕಡೆಗಿದ್ದರೆ ದನಿ ಸಣ್ಣಗಾಗುತ್ತದೆ, ಅಡ್ಡಲಾಗಿದ್ದರೆ ಜೋರಾಗುತ್ತದೆ. ಅಂದರೆ ಇಡೀ ಸೆಟ್ಟನ್ನೇ ತಿರುಗಿಸಿ ಅದರ ಮುಖವನ್ನೋ ಬೆನ್ನನ್ನೋ ಧಾರವಾಡದ ಕಡೆ ಮಾಡಬೇಕು. ಹುಬ್ಬಳ್ಳಿಯಿಂದ ಅದು ವಾಯವ್ಯ. ಗದಗಿನ ಮನೆಯಾದರೆ ಪಶ್ಚಿಮ, ಹಾವೇರಿಯಾದರೆ ಉತ್ತರಕ್ಕೆ, ತುಸು ಪಶ್ಚಿಮಕ್ಕೆ ವಾಲಿಸಿ. ವಾಲ್ಯೂಮ್ ಗುಂಡಿ ತಿರುಗಿಸುವಾಗ ಮಾತ್ರ ಗರಗರ ಅಂದರೆ ಒಳಗೆ ಧೂಳು ಕೂತಿದೆ, ಸೆಟ್ ಆಫ್ ಇಟ್ಟು ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ಇಪ್ಪತ್ತು ಮೂವತ್ತು ಸಲ ತಿರುಗಿಸಿ. ಸೆಲ್ ಸೋರಿ ಸ್ಪ್ರಿಂಗಿಗೆ ಹಸಿರು ಕಿಲುಬು ಹತ್ತಿದ್ದರೆ ಪಾಲಿಶ್ ಪೇಪರಿನಿಂದ ತಿಕ್ಕಿ ಒಣಬಟ್ಟೆಯಿಂದ ಒರೆಸಿ.

ಸೆಟ್ಟನ್ನು ಪಡಸಾಲೆಯಲ್ಲಿಡಬೇಡಿ, ಅಡಿಗೆಮನೆಯ ಕಿಟಕಿಯಲ್ಲಿಡಿ. ಟಿವಿ ಬಂದ್ ಆಗುವ ಆ ಏಳು ಗಂಟೆಗೆ ಅಲ್ಲಿ ಹಚ್ಚಿದರೆ ಅತ್ತೆಯವರು ಸೊಪ್ಪು ಸೋಸುತ್ತಲೋ ಶೇಂಗಾ ಬಿಡಿಸುತ್ತಲೋ ಕೇಳಬಹುದು, ಮಗಳು ಅವರ ಮುಖ ನೋಡುತ್ತ ಉಣ್ಣಬಹುದು.