ನೀವು ಕೇಳಿದಿರಿ: ಮಾಲ್ಟಾ, ಮುತ್ತಿಗೆ ಮತ್ತು ಆ ಹಳೇ ಬ್ರಿಟಿಷ್ ಯುದ್ಧ ಚಿತ್ರಗಳು

ಹಳೇ ಬ್ರಿಟಿಷ್ ಯುದ್ಧ ಚಿತ್ರಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಪುಟ್ಟ ಟಿಪ್ಪಣಿ ಬರೆದಿದ್ದೆ. ಅದರಲ್ಲಿ ಎರಡನೇ ಮಹಾಯುದ್ಧದಲ್ಲಿ ಮುತ್ತಿಗೆಗೆ ಸಿಕ್ಕಿದ್ದ ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದ ಮಾತು ಒಂದೇ ಸಾಲು ಇತ್ತು. ಪತ್ರಗಳು ಬಂದಿದ್ದು ಮಾತ್ರ ಆ ಒಂದು ಸಾಲಿನ ಮೇಲೆ! ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಅದನ್ನೇ ಮಾತಾಡೋಣ. ಕತೆಯ ಕೊನೆಯನ್ನೂ ಹೇಳಿಬಿಡುತ್ತೇನೆ. ‘ಮಾಲ್ಟಾ ಸ್ಟೋರಿ’ ಎಪ್ಪತ್ತು ವರ್ಷ ದಾಟಿದ ಚಿತ್ರ, ಯಾರೂ ಬೇಜಾರು ಮಾಡಿಕೊಳ್ಳಬಾರದು.

ಪ್ರಶ್ನೆ: ನಮ್ಮ ತಂದೆ ಒಂದು ಕಪ್ಪುಬಿಳುಪು ಚಿತ್ರದ ಕತೆ ಹೇಳುತ್ತಿದ್ದರು. ದ್ವೀಪದ ಮೇಲೆ ದಿನಾ ಬಾಂಬ್, ಆಕಾಶದಿಂದ ಫೋಟೊ ತೆಗೆಯುವ ಪೈಲಟ್, ಅವನಿಗೊಬ್ಬಳು ಆ ಊರಿನ ಹುಡುಗಿ. ಯಾವ ಚಿತ್ರ ಸಾರ್? (ಮೈಸೂರು)

ಉತ್ತರ: ಅನುಮಾನವೇ ಬೇಡ, ‘ಮಾಲ್ಟಾ ಸ್ಟೋರಿ’. 1953ರದ್ದು. ನಿರ್ದೇಶಕರು ಬ್ರಯನ್ ಡೆಸ್ಮಂಡ್ ಹರ್ಸ್ಟ್. ಆ ಪೈಲಟ್ ಅಲೆಕ್ ಗಿನ್ನೆಸ್. ಹುಡುಗಿ ಮ್ಯೂರಿಯಲ್ ಪಾವ್ಲೊ. ಅವಳ ಅಮ್ಮ ಫ್ಲೋರಾ ರಾಬ್ಸನ್. ವಾಯುಪಡೆಯ ದೊಡ್ಡ ಅಧಿಕಾರಿ ಜ್ಯಾಕ್ ಹಾಕಿನ್ಸ್. ಪುರಾತತ್ವ ಓದಿದ ಒಬ್ಬ ಸಂಕೋಚದ ಮನುಷ್ಯ ಈಜಿಪ್ಟಿಗೆ ಹೊರಟವನು ದಾರಿಯಲ್ಲಿ ಮಾಲ್ಟಾದಲ್ಲಿ ಇಳಿಯುತ್ತಾನೆ, ಅವನು ಹೋಗಬೇಕಿದ್ದ ವಿಮಾನ ಬಾಂಬಿಗೆ ಸಿಕ್ಕಿ ಹಾಳಾಗುತ್ತದೆ, ಹೇಗಿದ್ದರೂ ಕ್ಯಾಮೆರಾ ಹಿಡಿಯಲು ಬರುತ್ತಲ್ಲ ಇಲ್ಲೇ ಇರು ಅಂತ ಅವನನ್ನು ಅಲ್ಲೇ ಉಳಿಸಿಕೊಳ್ಳುತ್ತಾರೆ. ಕತೆ ಅಷ್ಟೇ. ನಿಜ ಹೇಳಬೇಕೆಂದರೆ ಪ್ರೇಮದ ಭಾಗ ಸ್ವಲ್ಪ ಸಪ್ಪೆ. ದ್ವೀಪದ ಭಾಗ ಹಾಗಲ್ಲ. ಮುರಿದ ಬೀದಿಗಳು, ಬಂದರು, ಕಲ್ಲಿನ ಮನೆಗಳು, ಇವನ್ನೆಲ್ಲ ಮಾಲ್ಟಾದಲ್ಲೇ ಚಿತ್ರೀಕರಿಸಿದ್ದಾರೆ. ಜತೆಗೆ ಯುದ್ಧದ ದಿನಗಳಲ್ಲಿ ತೆಗೆದ ಅಸಲಿ ಸುದ್ದಿಚಿತ್ರದ ತುಣುಕುಗಳನ್ನು ಧಾರಾಳವಾಗಿ ಸೇರಿಸಿದ್ದಾರೆ.

ಪ್ರಶ್ನೆ: ಮ್ಯಾಪಿನಲ್ಲಿ ನೋಡಿದರೆ ಚುಕ್ಕಿಯಷ್ಟು ಊರು. ಅದಕ್ಕೋಸ್ಕರ ಅಷ್ಟೊಂದು ಹೊಡೆದಾಟ ಯಾಕೆ? (ಧಾರವಾಡ)

ಉತ್ತರ: ಚುಕ್ಕಿ ಇರುವ ಜಾಗ ನೋಡಿ. ಮೇಲೆ ಸುಮಾರು 90 ಕಿಲೋಮೀಟರ್ ದೂರದಲ್ಲಿ ಇಟಲಿಯ ಸಿಸಿಲಿ. ಕೆಳಗೆ ಲಿಬಿಯಾ. ಉತ್ತರ ಆಫ್ರಿಕಾದಲ್ಲಿ ಜರ್ಮನ್ ಸೇನಾಪತಿ ರೊಮೆಲ್ ಕಾದಾಡುತ್ತಿದ್ದಾನೆ, ಅವನ ಟ್ಯಾಂಕಿಗೆ ಎಣ್ಣೆ, ಸೈನಿಕರಿಗೆ ರೊಟ್ಟಿ ಎಲ್ಲವೂ ಇಟಲಿಯಿಂದ ಹಡಗಿನಲ್ಲಿ ಬರಬೇಕು, ಆ ದಾರಿಯ ಪಕ್ಕದಲ್ಲೇ ಬ್ರಿಟಿಷರ ಈ ದ್ವೀಪ ಕೂತಿದೆ. ಅಲ್ಲಿಂದ ಹೊರಟ ವಿಮಾನಗಳು, ಜಲಾಂತರ್ಗಾಮಿಗಳು ಆ ಹಡಗುಗಳನ್ನು ಮುಳುಗಿಸುತ್ತಿದ್ದವು. ದ್ವೀಪ ಬದುಕಿದ್ದರೆ ರೊಮೆಲ್‌ಗೆ ಎಣ್ಣೆ ಇಲ್ಲ. ಅಷ್ಟೇ ಲೆಕ್ಕ.

ಇಟಲಿ ಯುದ್ಧಕ್ಕಿಳಿದಿದ್ದು 1940ರ ಜೂನ್ 10ಕ್ಕೆ. ಮರುದಿನ ಬೆಳಿಗ್ಗೆಯೇ ಮಾಲ್ಟಾ ಮೇಲೆ ಬಾಂಬ್ ಬಿತ್ತು. 1942ರ ಏಪ್ರಿಲ್ ತಿಂಗಳಂತೂ ಹೇಳತೀರದು. ಒಂದೇ ತಿಂಗಳಲ್ಲಿ 6,000 ಟನ್‌ಗಿಂತ ಜಾಸ್ತಿ ಬಾಂಬ್. ಪಕ್ಕದ ಗೋಜೊ ದ್ವೀಪವನ್ನೂ ಸೇರಿಸಿದರೂ ಆ ದೇಶ ನಮ್ಮ ಬೆಂಗಳೂರು ಮಹಾನಗರದ ಅರ್ಧದಷ್ಟಿಲ್ಲ. ಆ ತಿಂಗಳ 15ರಂದು ಇಂಗ್ಲೆಂಡಿನ ರಾಜ ಆರನೇ ಜಾರ್ಜ್ ಇಡೀ ದ್ವೀಪಕ್ಕೇ ಶೌರ್ಯಕ್ಕೆ ಕೊಡುವ ಜಾರ್ಜ್ ಕ್ರಾಸ್ ಪದಕ ಕೊಟ್ಟ. ಮಾಲ್ಟಾದ ಬಾವುಟದ ಮೂಲೆಯಲ್ಲಿ ಅದು ಈಗಲೂ ಇದೆ.

ಪ್ರಶ್ನೆ: ಗಿನ್ನೆಸ್ ಮಾಡಿದ ಪಾತ್ರ ನಿಜವಾದ ಮನುಷ್ಯನದ್ದಾ? (ಬೆಂಗಳೂರು)

ಉತ್ತರ: ಏಡ್ರಿಯನ್ ವಾರ್‌ಬರ್ಟನ್ ಎಂಬ ಪೈಲಟ್‌ನಿಂದ ಒಂದಷ್ಟು ಎತ್ತಿಕೊಂಡಿದ್ದಾರೆ ಅಂತ ಹೇಳುವುದುಂಟು. ಸ್ವಭಾವ ಮಾತ್ರ ಪೂರಾ ಉಲ್ಟಾ. ಗಿನ್ನೆಸ್‌ನ ಪೈಲಟ್ ಮೆತ್ತನೆಯ ಮಾತಿನ ಪಂಡಿತ. ವಾರ್‌ಬರ್ಟನ್ ಯಾರ ಮಾತೂ ಕೇಳದ, ಸಮವಸ್ತ್ರವನ್ನೂ ಸರಿಯಾಗಿ ಹಾಕದ ಒರಟ. 1940ರಲ್ಲಿ ಇಟಲಿಯ ಟರಾಂಟೊ ಬಂದರಿನ ಮೇಲೆ ಹಾರಿ ಯುದ್ಧನೌಕೆಗಳ ಲೆಕ್ಕ ತಂದವನು ಅವನೇ. ಕ್ರಿಸ್ಟಿನಾ ರ‍್ಯಾಟ್‌ಕ್ಲಿಫ್ ಎಂಬ ಇಂಗ್ಲಿಷ್ ನರ್ತಕಿ ಕಾರ್ಯಕ್ರಮ ಕೊಡಲು ಬಂದು ಮಾಲ್ಟಾದಲ್ಲೇ ಸಿಕ್ಕಿಹಾಕಿಕೊಂಡಿದ್ದಳು. ಮಾಲ್ಟಾದ ರಾಜಧಾನಿ ವಲೆಟ್ಟಾದ ಕೆಳಗೆ ಬಂಡೆ ಕೊರೆದು ಮಾಡಿದ ಲಸ್ಕಾರಿಸ್ ಯುದ್ಧ ಕೊಠಡಿಯಲ್ಲಿ, ಮೇಜಿನ ಮೇಲಿನ ನಕ್ಷೆಯಲ್ಲಿ ವಿಮಾನಗಳ ಗುರುತು ಸರಿಸುವ ಕೆಲಸ ಅವಳಿಗೆ. ಇಬ್ಬರಿಗೂ ಪ್ರೀತಿ. ಚಿತ್ರದ ಹುಡುಗಿಗೂ ಅದೇ ಕೆಲಸ ಇದೆ, ಆದರೆ ಅವಳನ್ನು ಮಾಲ್ಟಾದವಳನ್ನಾಗಿ ಮಾಡಿದ್ದಾರೆ.

ಚಿತ್ರದಲ್ಲಿ ಪೈಲಟ್ 1942ರಲ್ಲೇ ಸಾಯುತ್ತಾನೆ. ವಾರ್‌ಬರ್ಟನ್ ಕಾಣೆಯಾಗಿದ್ದು 1944ರ ಏಪ್ರಿಲ್ 12ಕ್ಕೆ. ಎಲ್ಲಿ ಬಿದ್ದ ಅಂತ ಐವತ್ತೆಂಟು ವರ್ಷ ಗೊತ್ತೇ ಇರಲಿಲ್ಲ. 2002ರಲ್ಲಿ ಜರ್ಮನಿಯ ಬವೇರಿಯಾದ ಹೊಲವೊಂದರಲ್ಲಿ ಅಗೆದಾಗ ವಿಮಾನದ ಅವಶೇಷ ಸಿಕ್ಕಿತು. ಈ ಕತೆಯನ್ನೇ ಯಾರಾದರೂ ನೇರವಾಗಿ ಸಿನಿಮಾ ಮಾಡಬಾರದೇ ಅಂತ ನನಗೆ ಆಗಾಗ ಅನ್ನಿಸುತ್ತದೆ.

ಪ್ರಶ್ನೆ: ಹುಡುಗಿಯ ಅಣ್ಣನನ್ನು ಇಟಲಿಯ ಗೂಢಚಾರ ಅಂತ ತೋರಿಸಿದ್ದಾರೆ. ಸುಮ್ನೆ ಕತೆಗೆ ಒಬ್ಬ ಖಳ ಬೇಕು ಅಂತಲಾ? (ಉಡುಪಿ)

ಉತ್ತರ: ಅಲ್ಲ, ಅದರ ಹಿಂದೆ ನಿಜವಾದ ಘಟನೆ ಇದೆ. ಕಾರ್ಮೆಲೊ ಬೋರ್ಗ್ ಪಿಸಾನಿ ಎಂಬ ಮಾಲ್ಟಾದ ಹುಡುಗ ರೋಮ್‌ನಲ್ಲಿ ಚಿತ್ರಕಲೆ ಓದುತ್ತಿದ್ದ. ಮಾಲ್ಟಾ ಇಟಲಿಗೇ ಸೇರಬೇಕು ಅನ್ನೋದು ಅವನ ನಂಬಿಕೆ. ಆ ಕಾಲದ ಮಾಲ್ಟಾದಲ್ಲಿ ಹಾಗೆ ಅಂದುಕೊಂಡವರು ಅವನೊಬ್ಬನೇ ಅಲ್ಲ. 1942ರ ಮೇ ತಿಂಗಳಲ್ಲಿ ಇಟಲಿಯವರು ಅವನನ್ನು ರಾತ್ರಿ ಕದ್ದು ದಡಕ್ಕೆ ಬಿಟ್ಟರು. ಕಡಿದಾದ ಬಂಡೆ, ಸಮುದ್ರ ಬೇರೆ ಕೆರಳಿತ್ತು, ಸಾಮಾನು ನೀರುಪಾಲಾಯಿತು, ಕೊನೆಗೆ ಅವನನ್ನು ಬ್ರಿಟಿಷರೇ ಎತ್ತಿ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಹಳೇ ಪರಿಚಯದ ಡಾಕ್ಟರೊಬ್ಬರು ಗುರುತು ಹಿಡಿದರು. ಅದೇ ವರ್ಷ ನವೆಂಬರಿನಲ್ಲಿ ಗಲ್ಲು.

ಚಿತ್ರದಲ್ಲಿ ನನಗೆ ತುಂಬಾ ಹಿಡಿಸಿದ್ದು ಈ ಅಣ್ಣನಲ್ಲ, ಆ ತಾಯಿ. ಒಂದು ಕಡೆ ಊರು, ಇನ್ನೊಂದು ಕಡೆ ಹೊಟ್ಟೆಯಲ್ಲಿ ಹುಟ್ಟಿದ ಮಗ. ಫ್ಲೋರಾ ರಾಬ್ಸನ್ ಜಾಸ್ತಿ ಮಾತೇ ಆಡುವುದಿಲ್ಲ, ಆದರೂ ಇಡೀ ಚಿತ್ರದಲ್ಲಿ ದ್ವೀಪದ ಜನರ ಸಂಕಟ ಸರಿಯಾಗಿ ಕಾಣುವುದು ಅವಳ ಮುಖದಲ್ಲಿ ಮಾತ್ರ. ಉಳಿದ ಕಡೆ ಮಾಲ್ಟಾದವರು ಹಿನ್ನೆಲೆಯಲ್ಲಿ ಓಡಾಡುತ್ತಾರೆ, ಮುಂದೆ ನಿಂತು ಮಾತಾಡುವವರು ಇಂಗ್ಲಿಷ್ ಅಧಿಕಾರಿಗಳು. ಇದು ಆ ಕಾಲದ ಬ್ರಿಟಿಷ್ ಚಿತ್ರಗಳ ದೊಡ್ಡ ಕೊರತೆ. ಎರಡೂಮುಕ್ಕಾಲು ಲಕ್ಷದಷ್ಟು ಜನ ಅಲ್ಲಿ ಬಾಂಬಿನ ಕೆಳಗೆ ಬದುಕಿದರು. ಅವರ ಕತೆಯನ್ನು ಹೇಳಲು ಹೊರಟು, ಬಂದುಹೋಗುವ ಪೈಲಟ್‌ನ ಕತೆ ಹೇಳಿದ್ದಾರೆ. ತಾಯಿ, ಮಗಳು ಮಾಡಿದವರೂ ಇಂಗ್ಲೆಂಡಿನ ನಟಿಯರೇ. ತಮಾಷೆ ಏನೆಂದರೆ, ಆ ಕುಟುಂಬದಲ್ಲಿ ನಿಜವಾಗಿ ಮಾಲ್ಟಾದಲ್ಲಿ ಹುಟ್ಟಿದ ನಟ ಒಬ್ಬನೇ, ನೈಜೆಲ್ ಸ್ಟಾಕ್. ಅವನಿಗೆ ಸಿಕ್ಕಿದ್ದು ದ್ರೋಹಿಯ ಪಾತ್ರ!

ಪ್ರಶ್ನೆ: ಮುತ್ತಿಗೆ ಅಂದರೆ ಹಸಿವು ಅಲ್ವಾ? ಚಿತ್ರದಲ್ಲಿ ಬರೀ ವಿಮಾನಗಳೇ ಕಾಣುತ್ತವೆ. (ತುಮಕೂರು)

ಉತ್ತರ: ಒಳ್ಳೇ ಪ್ರಶ್ನೆ. ಈ ಸಲದ ಪತ್ರಗಳಲ್ಲಿ ನನಗೆ ಇದೇ ಇಷ್ಟವಾಯಿತು.

ದ್ವೀಪದಲ್ಲಿ ಬೆಳೆಯುವುದು ಕಡಿಮೆ. ಗೋಧಿ, ಸಕ್ಕರೆ, ಸೀಮೆಎಣ್ಣೆ ಎಲ್ಲವೂ ಹಡಗಿನಲ್ಲೇ ಬರಬೇಕು. 1942ರಲ್ಲಿ ಬ್ರೆಡ್ ಕೂಡ ರೇಷನ್‌ಗೆ ಬಂತು. ಮನೆಯಲ್ಲಿ ಒಲೆ ಹಚ್ಚಲು ಎಣ್ಣೆ ಇಲ್ಲ, ಸೌದೆ ಇಲ್ಲ, ಹಾಗಾಗಿ ಸರ್ಕಾರವೇ ‘ವಿಕ್ಟರಿ ಕಿಚನ್’ ಅಂತ ಸಾಮೂಹಿಕ ಅಡುಗೆಮನೆ ತೆರೆಯಿತು. ಜನ ಪಾತ್ರೆ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಮೇವಿಲ್ಲದ ಆಡುಗಳನ್ನೆಲ್ಲ ಕಡಿದು ಅದರ ಮಾಂಸವನ್ನೇ ನೀರುನೀರಾಗಿ ಬೇಯಿಸಿ ಕೊಡುತ್ತಿದ್ದರು, ಅದನ್ನು ಬೈಯದೇ ತಿಂದವರು ಕಡಿಮೆ. ಇನ್ನೊಂದು ಕಡೆ, ದಾಸ್ತಾನು ಯಾವತ್ತಿಗೆ ಮುಗಿಯುತ್ತದೆ, ಯಾವತ್ತು ಶರಣಾಗಬೇಕಾಗುತ್ತದೆ ಅಂತ ಅಧಿಕಾರಿಗಳು ಗುಟ್ಟಾಗಿ ಒಂದು ತಾರೀಕು ಗುರುತು ಹಾಕಿಕೊಂಡಿದ್ದರು.

ಆಗ ಹೊರಟಿದ್ದು ಆಗಸ್ಟ್ ತಿಂಗಳ ಹಡಗು ಸಾಲು. ಸರಕು ಹಡಗು ಹದಿನಾಲ್ಕು, ಕಾವಲಿಗೆ ಯುದ್ಧನೌಕೆಗಳ ದಂಡು. 11ನೇ ತಾರೀಕು ವಿಮಾನವಾಹಕ ‘ಈಗಲ್’ ಮುಳುಗಿತು. ಆಮೇಲೆ ಒಂದಾದ ಮೇಲೊಂದು. ಹದಿನಾಲ್ಕರಲ್ಲಿ ದಡ ಸೇರಿದ್ದು ಐದು. ಕೊನೆಯದು ‘ಒಹಾಯೊ’ ಎಂಬ ಎಣ್ಣೆ ಹಡಗು. ಟಾರ್ಪಿಡೊ ಬಿದ್ದಿದೆ, ಬಾಂಬ್ ಬಿದ್ದಿದೆ, ಹೊಡೆದುರುಳಿಸಿದ ವಿಮಾನವೇ ಬಂದು ಅದರ ಮೇಲೆ ಬಿದ್ದಿದೆ, ಎಂಜಿನ್ ಸತ್ತಿದೆ, ಆದರೆ ಹೊಟ್ಟೆಯೊಳಗಿನ 11,000 ಟನ್‌ನಷ್ಟು ಎಣ್ಣೆಯಲ್ಲಿ ಬಹುಪಾಲು ಹಾಗೇ ಇದೆ. ಎರಡು ಯುದ್ಧನೌಕೆಗಳನ್ನು ಎಡಕ್ಕೊಂದು ಬಲಕ್ಕೊಂದು ಕಟ್ಟಿ, ಮುಳುಗದಂತೆ ಎತ್ತಿ ಹಿಡಿದುಕೊಂಡೇ ತಂದರು. ಮಾಲ್ಟಾದ ಬಂದರು ಗ್ರ್ಯಾಂಡ್ ಹಾರ್ಬರ್ ತಲುಪಿದ್ದು ಆಗಸ್ಟ್ 15ಕ್ಕೆ, ಮಾತೆ ಮೇರಿಯ ಹಬ್ಬದ ದಿನ. ಅಲ್ಲಿನವರು ಈಗಲೂ ಇದನ್ನು ಸಾಂತಾ ಮರಿಯಾ ಹಡಗು ಸಾಲು ಅಂತಲೇ ಕರೆಯುತ್ತಾರೆ.

ಚಿತ್ರದಲ್ಲಿ ಒಹಾಯೊ ಬರುವ ದೃಶ್ಯ ಅಸಲಿ ಸುದ್ದಿಚಿತ್ರದ್ದು. ಅಲ್ಲಿ ನಟರಿಲ್ಲ. ಗೋಡೆಗಳ ಮೇಲೆ ನಿಂತಿರುವ ಜನರನ್ನು ಗಮನಿಸಿ ನೋಡಿ, ನಿಮ್ಮ ಪ್ರಶ್ನೆಗೆ ಉತ್ತರ ಅವರ ಕೆನ್ನೆಯ ಮೂಳೆಗಳಲ್ಲಿದೆ.

ಅಷ್ಟು ಬಾಂಬ್ ಬಿದ್ದರೂ ಸತ್ತ ನಾಗರಿಕರು ಸುಮಾರು 1,500. ಇದಕ್ಕೆ ಕಾರಣ ಅಲ್ಲಿನ ಸುಣ್ಣಕಲ್ಲು. ಮೆತ್ತಗಿದೆ, ಗುದ್ದಲಿಯಲ್ಲೇ ಕೊರೆಯಬಹುದು. ಜನ ನೆಲದಡಿ ಸುರಂಗ ಮಾಡಿಕೊಂಡು ಅಲ್ಲೇ ಇದ್ದರು. ಮನೆಗಳಲ್ಲೂ ಮರ ಕಡಿಮೆ, ಹಾಗಾಗಿ ಬೆಂಕಿ ಹಬ್ಬಲಿಲ್ಲ.

ಪ್ರಶ್ನೆ: ಮೂರೇ ಮೂರು ಹಳೇ ವಿಮಾನಗಳು ಮಾಲ್ಟಾವನ್ನು ಕಾಪಾಡಿದವು ಅಂತಾರೆ. ನಿಜವಾ? (ಮಂಗಳೂರು)

ಉತ್ತರ: ಮುಕ್ಕಾಲು ನಿಜ. ಮೊದಲ ದಿನಗಳಲ್ಲಿ ಹಾರಿದ್ದು ಗ್ಲಾಡಿಯೇಟರ್ ಎಂಬ ಎರಡು ಅಂತಸ್ತಿನ ರೆಕ್ಕೆಯ ಹಳೇ ವಿಮಾನಗಳು. ಮೂರಕ್ಕಿಂತ ಹೆಚ್ಚೇ ಇದ್ದವು. ‘ಫೇತ್, ಹೋಪ್, ಚಾರಿಟಿ’ ಎಂಬ ಹೆಸರು ಪ್ರಸಿದ್ಧಿಗೆ ಬಂದಿದ್ದು ಆಮೇಲೆ. ‘ಫೇತ್’ನ ಒಡಲು ವಲೆಟ್ಟಾದ ಯುದ್ಧ ವಸ್ತುಸಂಗ್ರಹಾಲಯದಲ್ಲಿದೆ.

ಪ್ರಶ್ನೆ: ಬಾಂಬ್ ಬಿದ್ದರೂ ಈ ಚಿತ್ರಗಳಲ್ಲಿ ಯಾರ ಮುಖವೂ ಅಲುಗಾಡುವುದಿಲ್ಲವಲ್ಲ, ಇದೇನು ನಟನೆಯೋ ಮರದ ಗೊಂಬೆಯೋ? (ದಾವಣಗೆರೆ)

ಉತ್ತರ: ನಮಗೆ ಅತ್ತು ಕರೆದು ರೂಢಿ, ಅದಕ್ಕೆ ಹಾಗನ್ನಿಸುತ್ತದೆ. ಕೊನೆಯ ದೃಶ್ಯ ಮತ್ತೊಮ್ಮೆ ನೋಡಿ. ಪೈಲಟ್ ಶತ್ರುವಿನ ಹಡಗುಗಳನ್ನು ಹುಡುಕಿ, ಅವು ಎಲ್ಲಿವೆ ಅಂತ ರೇಡಿಯೊದಲ್ಲಿ ಹೇಳುತ್ತಾ ಹೋಗುತ್ತಾನೆ. ಅಧಿಕಾರಿಗಳು ಅವನಿಗೆ ವಾಪಸ್ ಬರಲು ಹೇಳುವುದಿಲ್ಲ, ಹೇಳುವ ಹಾಗೂ ಇಲ್ಲ. ಅವನ ದನಿ ಕೇಳಿಸುವ ಯುದ್ಧ ಕೊಠಡಿಯಲ್ಲೇ ಅವನ ಹುಡುಗಿ ಕೆಲಸದಲ್ಲಿದ್ದಾಳೆ. ದನಿ ನಿಲ್ಲುತ್ತದೆ. ಅಲ್ಲಿ ಯಾರಾದರೂ ಎದೆ ಬಡಿದುಕೊಂಡಿದ್ದರೆ ದೃಶ್ಯವೇ ಕೆಡುತ್ತಿತ್ತು. ಹಾಂ, ಎಲ್ಲ ಚಿತ್ರದಲ್ಲೂ ಈ ಬಿಗಿತ ಇಷ್ಟು ಚೆನ್ನಾಗಿ ಕೂರುವುದಿಲ್ಲ, ಕೆಲವು ಕಡೆ ನೀವು ಹೇಳಿದಂತೆ ಮರದ ಗೊಂಬೆಯೇ.

ಪ್ರಶ್ನೆ: ಈ ಅಲೆಕ್ ಗಿನ್ನೆಸ್ ನಮ್ಮ ಕಡೆ ಶೂಟಿಂಗಿನ ಸಿನಿಮಾದಲ್ಲೂ ಇದ್ದರಂತೆ? (ರಾಮನಗರ)

ಉತ್ತರ: ಹೌದು. 1984ರ ‘ಎ ಪ್ಯಾಸೇಜ್ ಟು ಇಂಡಿಯಾ’. ಪ್ರೊಫೆಸರ್ ಗೋಡಬೋಲೆ ಪಾತ್ರ. ನಿಮ್ಮೂರಿನ ಬೆಟ್ಟ, ಸಾವನದುರ್ಗ ಎಲ್ಲ ಅದರಲ್ಲಿದೆ. ಗಿನ್ನೆಸ್ ಯುದ್ಧದ ಹೊತ್ತಲ್ಲಿ ನೌಕಾಪಡೆಯಲ್ಲಿದ್ದವರು. 1943ರಲ್ಲಿ ಸಿಸಿಲಿಗೆ ಸೈನಿಕರನ್ನು ಇಳಿಸಿದ ದೋಣಿಗಳಲ್ಲಿ ಒಂದಕ್ಕೆ ಇವರೇ ನಾಯಕ. ಅಂದರೆ ಮಾಲ್ಟಾದ ಎದುರಿನ ನೀರು ಅವರಿಗೆ ಸಿನಿಮಾಗಿಂತ ಮೊದಲೇ ಗೊತ್ತು. ಇನ್ನು ‘ಎ ಪ್ಯಾಸೇಜ್ ಟು ಇಂಡಿಯಾ’ದಲ್ಲಿ ಅವರನ್ನು ನಿರ್ದೇಶಿಸಿದ ಡೇವಿಡ್ ಲೀನ್ ಮೊದಲು ನಿರ್ದೇಶಕನಾಗಿದ್ದೇ ಯುದ್ಧ ಚಿತ್ರದಿಂದ. ಅದರ ಮಾತು ಮುಂದಿನ ಪ್ರಶ್ನೆಗೆ ಬೇಕು.

ಪ್ರಶ್ನೆ: ಇದೇ ಥರದ ಬೇರೆ ಚಿತ್ರಗಳನ್ನು ಹೇಳಿ. ಮಗ ಹತ್ತನೇ ಕ್ಲಾಸು, ಕಪ್ಪುಬಿಳುಪು ಅಂದರೆ ಮೂಗು ಮುರಿಯುತ್ತಾನೆ. (ಶಿವಮೊಗ್ಗ)

ಉತ್ತರ: ಮೊದಲು ನಿಮಗೆ. ‘ಇನ್ ವಿಚ್ ವಿ ಸರ್ವ್’, 1942. ನೋಯೆಲ್ ಕವರ್ಡ್ ಬರೆದು, ನಟಿಸಿ, ಡೇವಿಡ್ ಲೀನ್ ಜತೆ ಸೇರಿ ನಿರ್ದೇಶಿಸಿದ್ದು. ಮುಳುಗಿದ ಹಡಗಿನ ನಾವಿಕರು ನೀರಲ್ಲಿ ತೇಲುತ್ತಾ ಮನೆಯವರನ್ನು ನೆನೆಯುತ್ತಾರೆ. ಇಲ್ಲಿ ಮುತ್ತಿಗೆಗೆ ಸಿಕ್ಕ ದ್ವೀಪ ಬ್ರಿಟನ್ನೇ. ಆ ಹಡಗಿನ ಕತೆ ‘ಕೆಲ್ಲಿ’ ಎಂಬ ನಿಜವಾದ ನೌಕೆಯದ್ದು. ಅದರ ನಾಯಕ ಯಾರು ಗೊತ್ತಾ? ನಮ್ಮ ಕೊನೇ ವೈಸರಾಯ್ ಮೌಂಟ್‌ಬ್ಯಾಟನ್. 1941ರ ಮೇ ತಿಂಗಳಲ್ಲಿ ಕ್ರೀಟ್ ದ್ವೀಪದ ಹತ್ತಿರ ಅದು ಮುಳುಗಿತು, ಇವರು ಬದುಕಿಕೊಂಡರು.

ಆಮೇಲೆ ‘ವೆಂಟ್ ದ ಡೇ ವೆಲ್?’, ಅದೂ 1942ರದ್ದೇ. ಜರ್ಮನ್ ಸೈನಿಕರು ಬ್ರಿಟಿಷ್ ವೇಷದಲ್ಲಿ ಒಂದು ಹಳ್ಳಿಗೆ ನುಗ್ಗುತ್ತಾರೆ. ಪೋಸ್ಟಾಫೀಸಿನ ಹೆಂಗಸು ಸೈನಿಕನ ಕಣ್ಣಿಗೆ ಕಾಳುಮೆಣಸಿನ ಪುಡಿ ಎರಚಿ ಕೊಡಲಿ ಎತ್ತುವ ದೃಶ್ಯಕ್ಕೆ ಈಗಲೂ ಬೆಚ್ಚಿಬೀಳುತ್ತೀರಿ. ‘ಅಪಾಯಿಂಟ್‌ಮೆಂಟ್ ವಿತ್ ವೀನಸ್’ (1951) ಹಗುರ ಚಿತ್ರ, ಜರ್ಮನರು ಹಿಡಿದ ದ್ವೀಪದಿಂದ ಜಾತಿ ಹಸುವನ್ನು ಕದ್ದು ತರುವ ಕತೆ. ನಗು ಬರುತ್ತದೆ, ಆದರೆ ಫ್ರಾನ್ಸಿನ ತೀರದ ಹತ್ತಿರ ಜರ್ಮನರು ನಿಜವಾಗಿ ಹಿಡಿದಿದ್ದ ಬ್ರಿಟಿಷ್ ಚಾನೆಲ್ ದ್ವೀಪಗಳ ಜನ 1944ರ ಡಿಸೆಂಬರಿನಲ್ಲಿ ರೆಡ್‌ಕ್ರಾಸ್ ಹಡಗು ಬರುವವರೆಗೆ ಉಪವಾಸ ಬಿದ್ದಿದ್ದರು ಅಂತ ಗೊತ್ತಿದ್ದವರಿಗೆ ಆ ನಗು ಸ್ವಲ್ಪ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಮಗನಿಗೆ ‘ಬ್ಯಾಟಲ್ ಆಫ್ ಬ್ರಿಟನ್’ ಹಾಕಿ. 1969, ಬಣ್ಣದ ಚಿತ್ರ, ಅಸಲಿ ವಿಮಾನಗಳು ಆಕಾಶದಲ್ಲಿ ಹಾರುತ್ತವೆ, ಕಂಪ್ಯೂಟರ್ ಗ್ರಾಫಿಕ್ಸ್ ಇಲ್ಲ. ಜರ್ಮನ್ ವಿಮಾನಗಳಾಗಿ ಕಾಣುವ ಹೆಚ್ಚಿನವು ಸ್ಪೇನ್‌ನಲ್ಲಿ ತಯಾರಾದವು. ಮಗ ವಿಮಾನದ ಹುಚ್ಚನಾದರೆ ಆಮೇಲೆ ‘ಮಾಲ್ಟಾ ಸ್ಟೋರಿ’ ತೋರಿಸಿ, ಅದರ ಸ್ಪಿಟ್‌ಫೈರ್ ಯುದ್ಧವಿಮಾನಗಳು 1942ರ ಮಾದರಿಯಲ್ಲ, ಆಮೇಲೆ ಬಂದವು ಅಂತ ಅವನೇ ತಪ್ಪು ಹುಡುಕಿ ನಿಮಗೆ ಹೇಳುತ್ತಾನೆ.