ಬರ್ಲಿನ್ನಿಗೆ ಹೊರಟ ಕಾರವಾರದ ತಮ್ಮನಿಗೆ, ಊಟದ ವಿಷಯ

ತಮ್ಮಾ, ಮುಂದಿನ ತಿಂಗಳು ಬರ್ಲಿನ್ನಿಗೆ ಓದಲು ಹೊರಟಿದ್ದೀಯ, ಖುಷಿಯಾಯಿತು. ನೀನು ಕೇಳಿದ್ದು ಎರಡು. ಅಲ್ಲಿ ಆರೋಗ್ಯ ಕೆಡದ ಹಾಗೆ ಊಟ ಮಾಡುವುದು ಹೇಗೆ, ಬೇರೆ ದೇಶದ ಗೆಳೆಯರು ಊಟಕ್ಕೆ ಕರೆದರೆ ಏನು ಮಾಡಿಕೊಂಡು ಹೋಗುವುದು. ನಾನು ಅಲ್ಲಿ ನೆಲೆಸಿ 11 ವರ್ಷ ಆಯಿತು, ನನಗೆ ಇವೆರಡೂ ಒಂದೇ ಪ್ರಶ್ನೆ. ಈಗ ರಜೆಗೆ ಶಿರಸಿಯ ಮನೆಗೆ ಬಂದಿದ್ದೇನೆ. ಒಳಗೆ ಅಮ್ಮ ತೆಳ್ಳೇವು, ಅದೇ ಅಕ್ಕಿಯ ತೆಳು ದೋಸೆ, ಎರೆಯುತ್ತಿದ್ದಾಳೆ, ತಿನ್ನುತ್ತಾ ಬರೆಯುತ್ತಿದ್ದೇನೆ.

ಮೊದಲ ವರ್ಷ ನಾನು ಒಬ್ಬಳೇ ಉಂಡೆ. ಬ್ರೆಡ್ಡು, ಚೀಸು, ಫ್ರೀಜರಿನ ಪಿಜ್ಜಾ, ರಾತ್ರಿ ನೂಡಲ್ಸ್. ಒಬ್ಬಳಿಗೋಸ್ಕರ ಕಾಯಿ ಬೀಸುವುದಕ್ಕೆ ಮನಸ್ಸೇ ಬರುತ್ತಿರಲಿಲ್ಲ. ಚಳಿಗಾಲ ಮುಗಿಯುವ ಹೊತ್ತಿಗೆ ಮೈ ಭಾರ, ಸದಾ ಸುಸ್ತು. ರಕ್ತ ಪರೀಕ್ಷೆ ಮಾಡಿಸಿದರೆ ವಿಟಮಿನ್ ಡಿ ತೀರಾ ಕಡಿಮೆ. ಅಲ್ಲಿ ಅಕ್ಟೋಬರಿನಿಂದ ಮಾರ್ಚ್ ತನಕ ಸೂರ್ಯ ಎಷ್ಟು ತಗ್ಗಿನಲ್ಲಿ ಇರುತ್ತಾನೆ ಅಂದರೆ, ಬಿಸಿಲಿಗೆ ನಿಂತರೂ ಮೈಗೆ ಸಾಕಷ್ಟು ವಿಟಮಿನ್ ಡಿ ಸಿಗುವುದಿಲ್ಲ. ನನಗೆ ಮಾತ್ರೆ ಬೇಕಾಯಿತು. ನೀನು ಮೀನು ತಿನ್ನುವವನು, ಬಂಗಡೆ ಜಾತಿಯದ್ದು ಅಲ್ಲೂ ಸಿಗುತ್ತದೆ, ಹೆರಿಂಗ್ ಅಂತ ಇನ್ನೊಂದಿದೆ, ಎರಡನ್ನೂ ತಿನ್ನು. ಆದರೂ ಡಾಕ್ಟರನ್ನು ಒಮ್ಮೆ ಕೇಳು.

ಊಟ ಸರಿಯಾದದ್ದು ಎರಡನೇ ವರ್ಷ, ನಾಲ್ಕು ಜನ ಒಂದೇ ಅಡುಗೆಮನೆ ಹಂಚಿಕೊಂಡಿದ್ದಾಗ. ಒಬ್ಬಳು ಇಥಿಯೋಪಿಯಾದವಳು, ಒಬ್ಬಳು ಟರ್ಕಿಯವಳು, ಒಬ್ಬ ವಿಯೆಟ್ನಾಂ ಹುಡುಗ. ಶನಿವಾರ ಒಬ್ಬೊಬ್ಬರು ಒಂದೊಂದು ಮಾಡುವುದು ಅಂತ ಆಯಿತು. ನಾನು ಮೊದಲ ಸಲ ಮಾಡಿದ್ದು ಪನೀರ್ ಬಟರ್ ಮಸಾಲ ಮತ್ತು ಗುಲಾಬ್ ಜಾಮೂನು, ನಮ್ಮ ಮನೆಯಲ್ಲಿ ಎಂದೂ ಮಾಡದ ಅಡುಗೆ. ಇಂಡಿಯಾದವರ ಊಟ ಅಂದರೆ ಅದನ್ನೇ ಕೊಡಬೇಕು ಅಂದುಕೊಂಡಿದ್ದೆ. ಮೂರು ತಾಸು ಬೆಂಕಿ ಮುಂದೆ ನಿಂತೆ, ಎಲ್ಲರೂ ಚೆನ್ನಾಗಿದೆ ಅಂದರು, ಉಂಡ ಮೇಲೆ ಯಾರಿಗೂ ಏಳಲಾಗಲಿಲ್ಲ.

ಮುಂದಿನ ಸರದಿಯ ದಿನ ನನಗೆ ಪರೀಕ್ಷೆಯ ಓದು. ಸುಮ್ನೆ ತಂಬುಳಿ ಮಾಡಿದೆ. ಒಂದೆಲಗ ಅಲ್ಲೆಲ್ಲಿ ಬರಬೇಕು, ಪಾಲಕ್ ತಗೊಂಡೆ. ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಹುರಿದು, ಸೊಪ್ಪು ಹಾಕಿ ಬಾಡಿಸಿ, ಕಾಯಿ ಜೊತೆ ಬೀಸಿ ಮೊಸರಿಗೆ ಕಲಸಿದ್ದು, ಅಷ್ಟೇ. ಕಾಯಿ ಅಂದರೆ ಅಂಗಡಿಯ ಒಣ ಕೊಬ್ಬರಿ ತುರಿ, ಬಿಸಿ ನೀರಿನಲ್ಲಿ ಕಾಲು ತಾಸು ನೆನೆಸಿದರೆ ನುಣ್ಣಗೆ ಬೀಸಲು ಬರುತ್ತದೆ. ಟರ್ಕಿಯವಳು ಒಂದು ಚಮಚ ಬಾಯಿಗಿಟ್ಟು ಸುಮ್ಮನಾದಳು. ಆಮೇಲೆ, ಇದು ನಮ್ಮನೆಯ ಜಾಜಿಕ್ ಹಾಗೇ ಇದೆ ಅಂದಳು. ಜಾಜಿಕ್ ಅಂದರೆ ಮೊಸರಿಗೆ ಸೌತೆಕಾಯಿ, ಬೆಳ್ಳುಳ್ಳಿ, ಪುದೀನ ಹಾಕಿದ್ದು. ಅದನ್ನು ಅವಳು ಇಷ್ಟು ದಿನ ನಮಗೆ ಬಡಿಸಿರಲಿಲ್ಲ, ತೀರಾ ಸಾದಾ ಆಯಿತು ಅಂತ. ಮುಂದಿನ ವಾರ ಮಾಡಿದಳು.

ಇಥಿಯೋಪಿಯಾದವಳ ಇಂಜೆರ ಇನ್ನೂ ಹತ್ತಿರ. ಟೆಫ್ ಅಂತ ಸಾಸಿವೆಗಿಂತ ಸಣ್ಣ ಕಾಳು, ಅದರ ಹಿಟ್ಟನ್ನು ಕೆಲವು ದಿನ ಹುಳಿ ಬರಿಸಿ, ದೊಡ್ಡ ಕಾವಲಿಯಲ್ಲಿ ಒಂದೇ ಬದಿ ಬೇಯಿಸುತ್ತಾರೆ, ಮೇಲೆಲ್ಲ ಕಣ್ಣು ಬೀಳುತ್ತದೆ. ನಮ್ಮ ತೆಳ್ಳೇವಿಗೂ ಹಾಗೇ ತೂತು ಬೀಳುತ್ತದಲ್ಲ, ಅವಳು ನೋಡಿ ಕಾವಲಿ ನನ್ನ ಕೈಯಿಂದ ತಗೊಂಡು ತಾನೇ ಎರೆದಳು. ನೆನೆಸಿದ ಅಕ್ಕಿ, ನೀರು, ಉಪ್ಪು ಬಿಟ್ಟು ಬೇರೇನಿಲ್ಲ, ಗೋಧಿ ಆಗದವರೂ ತಿನ್ನಬಹುದು. ಅಂಥವರು ಅಲ್ಲಿ ನಿನಗೆ ಸಿಕ್ಕೇ ಸಿಗುತ್ತಾರೆ. ಹಾಗಾಗಿ ನನ್ನ ಮಾತು ಇಷ್ಟೇ, ಮನೆಯಲ್ಲಿ ದಿನಾ ಉಣ್ಣುವುದನ್ನೇ ತಗೊಂಡು ಹೋಗು. ಹಬ್ಬದ ಅಡುಗೆಯನ್ನು ವಾರವಾರ ಮಾಡಲು ಆಗುವುದಿಲ್ಲ, ತಂಬುಳಿ ಆಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ತುಂಬಾ ಜಾಗ್ರತೆ. ಒಮ್ಮೆ ಪಾಯಸಕ್ಕೆ ಗೇರುಬೀಜ ಹಾಕಿ ಬಡಿಸಲು ಹೊರಟಿದ್ದೆ, ಬಂದಿದ್ದ ಮಗುವಿಗೆ ಗೇರುಬೀಜದ ಅಲರ್ಜಿ ಅಂತ ತಟ್ಟೆಗೆ ಹಾಕುವಾಗ ಗೊತ್ತಾಯಿತು, ಕೈಕಾಲು ತಣ್ಣಗಾಯಿತು. ಯುರೋಪಿನಲ್ಲಿ ಆಹಾರದ ಪೊಟ್ಟಣದ ಮೇಲೆ ಎದ್ದು ಕಾಣುವ ಹಾಗೆ ಬರೆಯಲೇಬೇಕಾದ 14 ಬಗೆಯ ಅಲರ್ಜಿ ಪದಾರ್ಥಗಳಿವೆ. ಅದರಲ್ಲಿ ಗೇರುಬೀಜ, ಶೇಂಗಾ, ಎಳ್ಳು, ಹಾಲು, ಸೀಗಡಿ ಜೊತೆಗೆ ಸಾಸಿವೆಯೂ ಇದೆ. ಅಂದರೆ ನಮ್ಮ ಒಗ್ಗರಣೆಯೇ. ಕರೆಯುವಾಗಲೇ ಕೇಳಿಬಿಡು.

ಇನ್ನು ಗಂಟು ಕಟ್ಟುವುದು. ತುಪ್ಪ ತರಬೇಡ, ಹಾಲಿನ ಮತ್ತು ಮಾಂಸದ ಪದಾರ್ಥ ಹೊರಗಿನಿಂದ ಒಳಗೆ ಬಿಡುವುದಿಲ್ಲ. ಅಲ್ಲಿಯ ಬೆಣ್ಣೆ ಒಳ್ಳೆಯದು, 250 ಗ್ರಾಮಿನ ಉಪ್ಪಿಲ್ಲದ ಪೊಟ್ಟಣ ತಂದು ಕಾಯಿಸಿಕೋ. ಹಸಿ ಕರಿಬೇವು, ಮಾವಿನಮಿಡಿಯೂ ಬೇಡ, ಪ್ರಮಾಣಪತ್ರ ಇಲ್ಲದೆ ತರುವ ಹಾಗಿಲ್ಲ. ಒಣಮೀನಿಗೆ ಅಡ್ಡಿಯಿಲ್ಲ, 20 ಕಿಲೋ ತನಕ ಬಿಡುತ್ತಾರೆ, ನಿಮ್ಮಮ್ಮನಿಗೆ ಹೇಳು, ನೆಮ್ಮದಿಯಾದೀತು. ಮುರುಗಲು (ಕೋಕಂ) ಸಿಪ್ಪೆ ಚೆನ್ನಾಗಿ ಒಣಗಿಸಿದ್ದು ಒಂದು ಡಬ್ಬಿ ಇರಲಿ. ಬೇಳೆಗೆ ಟರ್ಕಿಯವರ ಅಂಗಡಿ ಇದೆ, ಕೊತ್ತಂಬರಿ ಸೊಪ್ಪೂ ಅಲ್ಲೇ, ಆಯ್ರಾನ್ ಅಂತ ಉಪ್ಪು ಹಾಕಿದ ಮಜ್ಜಿಗೆಯೂ ಅಲ್ಲೇ.

ಭಾನುವಾರ ಅಲ್ಲಿ ಹೆಚ್ಚಿನ ಅಂಗಡಿ ತೆರೆಯುವುದಿಲ್ಲ. ನೀನು ಇಳಿಯುವುದು ಶನಿವಾರ ರಾತ್ರಿ ಅಂದೆ ಅಲ್ವಾ? ಹಾಗಾದರೆ ಭಾನುವಾರ ಮಧ್ಯಾಹ್ನ ನಮ್ಮನೆಗೇ ಬಾ. ಆ ಇಬ್ಬರು ಹುಡುಗಿಯರೂ ಬರುತ್ತಾರೆ.